ಕೆಂಪು ಸಿಗ್ನಲ್ ದಾಟುವ ಕ್ರಮ: ಕಷ್ಟವಿರುವುದು ದಾಟಿದ ಮೇಲೆ

ದಾವಣಗೆರೆಯ ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನಲ್ಲಿ ಕಾದು ನಿಂತವರಿಗೆ, ರೈಲಿಗೂ ಹೀಗೆಯೇ ಕಾಯುವ ನಿಯಮವಿದೆ, ಕಾದ ಮೇಲೆ ಕೆಲವು ಕೆಂಪು ದೀಪಗಳನ್ನು ದಾಟಿ ಹೋಗಲು ಅವಕಾಶವೂ ಇದೆ ಎಂಬುದು ತಿಳಿದಿರಲಿಕ್ಕಿಲ್ಲ. ಹೊಸದಾಗಿ ಎಂಜಿನ್ ಹತ್ತಿದ, ರೈಲು ಚಾಲಕನಿಗೆ ನೆರವಾಗುವ ಸಹಾಯಕ ಲೋಕೋ ಪೈಲಟ್‌ಗಳು ಈ ನಿಯಮವನ್ನು ಬಾಯಿಪಾಠ ಮಾಡಿಯೂ ಹಳಿಯ ಮೇಲೆ ಎಡವುವುದನ್ನು ಹಲವು ಸಲ ಕಂಡಿದ್ದರಿಂದ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸಿಗ್ನಲ್ ಕಂಬ ಯಾವ ಬಗೆಯದೆಂದು ಗುರುತಿಸಬೇಕು. ಮಾಯಕೊಂಡ, ಚಿಕ್ಕಜಾಜೂರಿನಂಥ ನಿಲ್ದಾಣಗಳ ಹೋಮ್ (ಒಳಬರುವ), ಸ್ಟಾರ್ಟರ್ (ಹೊರಡುವ) ಸಿಗ್ನಲ್‌ಗಳು ಕೆಂಪಾಗಿದ್ದರೆ ಎಷ್ಟು ಹೊತ್ತು ಕಾದರೂ ತಾವಾಗಿ ದಾಟುವಂತಿಲ್ಲ. ಸಿಗ್ನಲ್ ಕೆಟ್ಟಿದ್ದರೆ ಸ್ಟೇಷನ್ ಮಾಸ್ಟರ್ ಕೊಡುವ ಟಿ/369(3ಬಿ) ಪತ್ರದಂಥ ಲಿಖಿತ ಅಧಿಕಾರ ಬೇಕು. ವಾಕಿಟಾಕಿಯಲ್ಲಿ ಬರಿದೇ ‘ಬನ್ನಿ ಬನ್ನಿ’ ಎಂದರೆ ಅದು ಅನುಮತಿಯಲ್ಲ.

ಹಳದಿ ಫಲಕದಲ್ಲಿ ಕಪ್ಪು ‘ಜಿ’ ಇದ್ದರೆ ಅದು ಗೇಟ್ ಸಿಗ್ನಲ್. ಬಿಳಿ ಫಲಕದಲ್ಲಿ ಕಪ್ಪು ‘ಎ’ ಇದ್ದರೆ ಸ್ವಯಂಚಾಲಿತ ಸಿಗ್ನಲ್, ಅಂದರೆ ಮುಂದಿನ ಹಳಿಯಲ್ಲಿ ರೈಲಿದೆಯೇ ಎಂಬುದಕ್ಕೆ ತಕ್ಕಂತೆ ತಾನಾಗಿ ಬದಲಾಗುವಂಥದ್ದು. ಇವೆರಡರಲ್ಲಿ ಯಾವುದು ಕೆಂಪಾಗಿದ್ದರೂ ಕಂಬಕ್ಕೆ ಮುಂಚೆಯೇ ನಿಂತು ಹಗಲಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ಕಾಯಬೇಕು. ಮನಸ್ಸಿನಲ್ಲೇ ಎಣಿಸಿ ಮುಗಿಸುವ ಅಡ್ಡದಾರಿ ಬೇಡವೇ ಬೇಡ, ಏಕೆಂದರೆ ಅವಸರದಲ್ಲಿರುವವನ ಒಂದು ನಿಮಿಷ ನಲವತ್ತು ಸೆಕೆಂಡಿಗೇ ಮುಗಿಯುತ್ತದೆ. ಕೈಗಡಿಯಾರ ನೋಡಿಯೇ ಹೊರಡಿ.

ಗೇಟ್ ಸಿಗ್ನಲ್ ಆದರೆ ಸೀಟಿ ಹಾಕಿ ಗೇಟಿನವರೆಗೆ ಎಚ್ಚರದಿಂದ ಹೋಗಬೇಕು. ಗೇಟ್‌ಮನ್ ಕೈಸನ್ನೆ ತೋರಿಸಿದರೆ ಮುಂದಕ್ಕೆ ಸಾಗಬಹುದು. ಅವನು ಕಾಣದಿದ್ದರೆ ಗೇಟಿನ ಮುಂಚೆ ನಿಲ್ಲಿಸಿ, ಸಹಾಯಕ ಕೆಳಗಿಳಿದು ಗೇಟು ಹಾಕಿರುವುದನ್ನು ಖಚಿತಪಡಿಸಿಕೊಂಡು ಸನ್ನೆ ಕೊಟ್ಟ ಮೇಲಷ್ಟೇ ದಾಟಬೇಕು. ರಾತ್ರಿ ಈ ಕೆಲಸಕ್ಕೆ ಸಂತೆಯಲ್ಲಿ ಸಿಗುವ ಅಗ್ಗದ ಟಾರ್ಚನ್ನು ನಂಬಬೇಡಿ. ಬೇಕಾದ ಗಳಿಗೆಯಲ್ಲೇ ಅದರ ಬೆಳಕು ಮಂಕಾಗುತ್ತದೆ.

ನಮ್ಮ ಕಡೆಯ ಹುಡುಗರು ಬೆಂಗಳೂರಿನ ಸುತ್ತ ಎದುರಿಸುವ ‘ಎ’ ಕಂಬವೇ ನಿಜವಾದ ಪರೀಕ್ಷೆ. ಕಾದ ಮೇಲೂ ಕೆಂಪೇ ಇದ್ದರೆ ಸೀಟಿ ಹಾಕಿ, ಗಾರ್ಡಿನೊಂದಿಗೆ ಸನ್ನೆ ಬದಲಾಯಿಸಿಕೊಂಡು ಹೊರಡಬೇಕು. ಮುಂದಿನ ಹಳಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಗಂಟೆಗೆ 15 ಕಿ.ಮೀ., ತಿರುವು, ಮಳೆ ಅಥವಾ ಮಂಜಿನಿಂದ ಕಾಣದಿದ್ದರೆ 10 ಕಿ.ಮೀ. ಮೀರಬಾರದು. 15ರ ವೇಗದಲ್ಲಿಯೂ ರೈಲು ನಿಮಿಷಕ್ಕೆ 250 ಮೀಟರ್ ಸಾಗುತ್ತದೆ ಎಂಬುದನ್ನು ನೆನಪಿಡಿ. ತುಂಬಿದ ಸರಕು ರೈಲಾದರೆ, ಹಗಲಿನಲ್ಲಿಯೂ 10ನ್ನು ಮೀರದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ರೈಲು ಕಂಡರೆ ಅದಕ್ಕೂ ನಿಮಗೂ ಕನಿಷ್ಠ 150 ಮೀಟರ್, ಅಂದರೆ ಹಳಿಬದಿಯ ವಿದ್ಯುತ್ ಕಂಬಗಳ ನಡುವಿನ ಅಂತರದ ಸುಮಾರು ಎರಡರಷ್ಟು ಜಾಗ ಉಳಿಯಬೇಕು.

ಹೆಚ್ಚಿನವರು ತಪ್ಪುವುದು ಇದರ ನಂತರ. ದೂರದಲ್ಲಿ ಮುಂದಿನ ಸಿಗ್ನಲ್ ಹಸಿರಾಗಿರುವುದು ಕಂಡ ಕೂಡಲೇ ಕೈ ತಾನಾಗಿ ವೇಗ ಹೆಚ್ಚಿಸಲು ಹೋಗುತ್ತದೆ. ಆ ಹಸಿರು ಹೇಳುವುದು ಆ ಕಂಬದಾಚೆಯ ಹಳಿಯ ವಿಚಾರವನ್ನೇ ಹೊರತು ನೀವಿರುವ ಹಳಿಯದನ್ನಲ್ಲ. ನೀವು ದಾಟಿಬಂದ ಕೆಂಪಿಗೆ ಕಾರಣವಾದ ರೈಲು ತಿರುವಿನ ಮರೆಯಲ್ಲಿ ನಿಂತಿರಬಹುದು, ಆ ಹಸಿರು ಅದಕ್ಕಾಗಿಯೇ ಬಂದಿರಬಹುದು. ರೈಲಿಲ್ಲದಿದ್ದರೆ ಹಳಿಯೇ ಮುರಿದಿರಬಹುದು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿ ಬಳಿ, ಸ್ವಯಂಚಾಲಿತ ಸಿಗ್ನಲ್‌ಗಳು ಕೆಟ್ಟಿದ್ದ ಹಾದಿಯಲ್ಲಿ ಕೆಂಪು ದಾಟುವ ಪತ್ರ ಹಿಡಿದು ಹೊರಟ ಸರಕು ರೈಲು, ಮುಂದಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಬಡಿಯಿತು. ಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಹಳಿ ಖಾಲಿಯಾಗುವುದಿಲ್ಲ.

ಆದ್ದರಿಂದ ಎಂಜಿನ್ ಮುಂದಿನ ಕಂಬವನ್ನು ಮುಟ್ಟುವವರೆಗೂ ಅದೇ ನಿಧಾನದಲ್ಲಿ ಸಾಗಬೇಕು. ಅಲ್ಲಿಯವರೆಗೆ ಇಬ್ಬರೂ ಎದ್ದು ನಿಂತು, ಹಳಿಯಿಂದ ಕಣ್ಣು ತೆಗೆಯದೆ, ಕಂಡದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿರಬೇಕು. ಆ ಕಂಬವೂ ಕೆಂಪಾಗಿದ್ದರೆ ನಿಲ್ಲುವುದು, ಕಾಯುವುದು ಎಲ್ಲವೂ ಮೊದಲಿನಿಂದ. ಹಸಿರಾಗಿದ್ದರೆ ಅದಕ್ಕೆ ತಕ್ಕ ವೇಗದಲ್ಲಿ ಹೋಗಿ, ಮುಂದಿನ ನಿಲ್ದಾಣದ ಸ್ಟೇಷನ್ ಮಾಸ್ಟರಿಗೆ ಕೆಂಪಾಗಿದ್ದ ಕಂಬದ ಸಂಖ್ಯೆಯನ್ನು ತಿಳಿಸಿ.