ಹೆಸರು ಮಾಡದ ಒಳ್ಳೆಯ ಪಿಸ್ತೂಲುಗಳು: ನನ್ನ ಅನುಭವ

ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲಿನ ಮಾತು ಬಂತು ಅಂದರೆ ಅದೇ ನಾಲ್ಕು ಹೆಸರು. ಗ್ಲಾಕ್, ಸಿಗ್, ಬೆರೆಟ್ಟಾ 92, ಇಲ್ಲವೇ 1911. ಅವುಗಳಲ್ಲಿ ತಪ್ಪೇನೂ ಇಲ್ಲ, ನಾನೂ ಬೇಕಾದಷ್ಟು ಹೊಡೆದಿದ್ದೇನೆ. ಆದರೆ ಒಂದು ಪಿಸ್ತೂಲ್ ಹೆಸರು ಮಾಡುವುದಕ್ಕೆ ಅದು ನೆಟ್ಟಗೆ ಗುಂಡು ಹಾಕಿದರೆ ಸಾಲದು. ಯಾವುದೋ ದೊಡ್ಡ ಸೇನೆಯೋ ಪೊಲೀಸ್ ಇಲಾಖೆಯೋ ಅದನ್ನು ಸಾವಿರಗಟ್ಟಲೆ ಕೊಳ್ಳಬೇಕು. ಅದಕ್ಕೆ ಹೊಂದುವ ಹೋಲ್‌ಸ್ಟರ್ (ಸೊಂಟದ ಚೀಲ), ಗುರಿ ನೋಡುವ ಸೈಟ್, ಟ್ರಿಗರ್ ಎಲ್ಲ ಅಂಗಡಿಗೆ ಬರಬೇಕು. ಸರಿಯಾದ ಹೊತ್ತಿಗೆ ಹುಟ್ಟಬೇಕು. ಇದರಲ್ಲಿ ಒಂದು ತಪ್ಪಿದರೂ ಎಂಥ ಒಳ್ಳೆಯ ಗನ್ ಆದರೂ ಮೂಲೆ ಸೇರುತ್ತದೆ. ಮೂಲೆ ಸೇರಿದ ಇಂಥವನ್ನು ಹುಡುಕಿ ಹೊಡೆದು ನೋಡುವುದು ನನ್ನ ಚಟ. ಜೊತೆಯ ಶೂಟರುಗಳ ಹತ್ತಿರ ಗನ್ ಕೇಳಿ ಪಡೆಯುತ್ತೇನೆ, ಗುಂಡು ನನ್ನದು. ಇಲ್ಲ ಅಂದವರು ಕಡಿಮೆ.

ನನ್ನ ಪರೀಕ್ಷೆ ದೊಡ್ಡದೇನಲ್ಲ. ಗುಂಡಿನ ಮ್ಯಾಗಜಿನ್ ತೆಗೆದು, ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಹಿಂದಕ್ಕೆ ಎಳೆದು ಹಿಡಿದು, ಗುಂಡು ಕೂರುವ ಚೇಂಬರ್ ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡುತ್ತೇನೆ. ಆಮೇಲೆ ಟಾರ್ಗೆಟ್ ಕಡೆಗೇ ಮುಖ ಇಟ್ಟುಕೊಂಡು, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ, ಕಣ್ಣು ಬಿಡುತ್ತೇನೆ. ಮುಂದಿನ ಸೈಟ್ ಹಿಂದಿನ ಸೈಟಿನ ಸಂದಿನಲ್ಲಿ ತಾನಾಗೇ ಕೂತಿದ್ದರೆ ಆ ಹಿಡಿ ನನ್ನ ಕೈಗೆ ಒಗ್ಗುತ್ತದೆ. ಮೇಲೆಯೋ ಕೆಳಗೋ ಇದ್ದರೆ ಪ್ರತಿ ಸಲ ಮಣಿಕಟ್ಟು ಬಗ್ಗಿಸಿ ಸರಿಮಾಡಿಕೊಳ್ಳಬೇಕು. ಬೇಗ ಬೇಗ ಹೊಡೆಯುವಾಗ ಅದು ಆಗುವ ಕೆಲಸವಲ್ಲ. ಮುಂದೆ 25 ಮೀಟರಿನಲ್ಲಿ, ಮರಳುಚೀಲದ ಮೇಲೆ ಕೈ ಊರಿ ಐದು ಗುಂಡು. ಇದು ಗನ್ನಿನ ಯೋಗ್ಯತೆ, ನನ್ನದಲ್ಲ. ಬಳಿಕ 10 ಮೀಟರಿನಲ್ಲಿ ನಿಂತುಕೊಂಡು ಎರಡೆರಡು ಗುಂಡು. ನಾನು ಜಾಸ್ತಿ ಗಮನ ಕೊಡುವುದು ಇಲ್ಲಿಯೇ. ಮೊದಲ ಗುಂಡಿಗೆ ಟ್ರಿಗರ್ ಹೇಗೆ ಬರುತ್ತದೆ, ಎರಡನೇ ಗುಂಡಿಗೆ ಸೈಟ್ ಎಷ್ಟು ಬೇಗ ಜಾಗಕ್ಕೆ ವಾಪಸ್ ಬರುತ್ತದೆ. ಮಿಕ್ಕಿದ್ದೆಲ್ಲ ಅಲಂಕಾರ.

ಈ ಲೆಕ್ಕದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೆದ್ದಿದ್ದು ಬೆರೆಟ್ಟಾ ಪಿಎಕ್ಸ್4 ಸ್ಟಾರ್ಮ್. 2004ರಲ್ಲಿ ಬಂದದ್ದು. ನೋಡಲು ದುಂಡು ದುಂಡಾಗಿದೆ, ಚಂದ ಇಲ್ಲ ಅನ್ನುವವರೇ ಜಾಸ್ತಿ. ಅಣ್ಣ 92 ಅಷ್ಟು ಹೆಸರು ಮಾಡಿರುವಾಗ ತಮ್ಮನನ್ನು ಕೇಳುವವರು ಯಾರು? ಆದರೆ ಒಳಗೆ ಬೇರೆಯೇ ಕತೆ ಇದೆ. ಇವತ್ತಿನ ಹೆಚ್ಚಿನ 9 ಎಂಎಂ ಪಿಸ್ತೂಲುಗಳಲ್ಲಿ ಗುಂಡು ಹಾರಿದಾಗ ಸ್ಲೈಡೂ ಬ್ಯಾರಲ್ಲೂ ಒಟ್ಟಿಗೆ ಸ್ವಲ್ಪ ಹಿಂದೆ ಬರುತ್ತವೆ. ಆಮೇಲೆ ಬ್ಯಾರಲ್ಲಿನ ಹಿಂತುದಿ ಕೆಳಗೆ ವಾಲಿ ಲಾಕ್ ಬಿಡುತ್ತದೆ. ಅಮೆರಿಕದ ಗನ್ ವಿನ್ಯಾಸಕ ಜಾನ್ ಬ್ರೌನಿಂಗ್ ಕಾಲದ ಉಪಾಯ ಅದು. ಪಿಎಕ್ಸ್4ನಲ್ಲಿ ಬ್ಯಾರಲ್ ವಾಲುವುದಿಲ್ಲ, ತಿರುಗುತ್ತದೆ. ಬ್ಯಾರಲ್ಲಿನ ಕೆಳಗಿನ ಹಲ್ಲು ಒಂದು ಉಕ್ಕಿನ ಗಟ್ಟಿಯ ಓರೆ ತೋಡಿನಲ್ಲಿ ಓಡುತ್ತದೆ. ನೇರ ಹಿಂದಕ್ಕೆ ಬರುತ್ತಲೇ ಬ್ಯಾರಲ್ ತಿರುಗಿ ಸ್ಲೈಡಿನ ಹಿಡಿತ ಬಿಡಿಸಿಕೊಳ್ಳುತ್ತದೆ. ಒದೆತದ ಒಂದು ಪಾಲು ಈ ತಿರುಗಾಟದಲ್ಲೇ ಖರ್ಚಾಗುತ್ತದೆ ಅನ್ನುತ್ತಾರೆ. ಕೈಗೆ ಗೊತ್ತಾಗುವುದೇನೆಂದರೆ, ಮುಂದಿನ ಸೈಟ್ ಚಿಮ್ಮಿ ಮೇಲೆ ಹೋಗುವ ಬದಲು ಸ್ವಲ್ಪ ಎದ್ದು ಅಲ್ಲೇ ಕೂರುತ್ತದೆ. ಅದೇ ಗುಂಡನ್ನು ಪಕ್ಕದವರ ಹಗುರ ಪಾಲಿಮರ್ ಗನ್ನಿನಲ್ಲಿ ಹಾಕಿ, ತಕ್ಷಣ ಇದರಲ್ಲಿ ಹಾಕಿ ನೋಡಿ, ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಇದೇನು ಹೊಸ ಉಪಾಯವಲ್ಲ. ಆಸ್ಟ್ರಿಯಾದ ಸ್ಟೈರ್ 1912ರ ಮಾದರಿಯಲ್ಲೇ ತಿರುಗುವ ಬ್ಯಾರಲ್ ಇತ್ತು. ಬೆರೆಟ್ಟಾದವರೇ 1994ರ ಕೂಗರ್ ಪಿಸ್ತೂಲಿನಲ್ಲಿ ಬಳಸಿದ್ದರು. ಒಂದು ಎಚ್ಚರಿಕೆ: ಪಿಎಕ್ಸ್4ನ ಅತಿ ಚಿಕ್ಕ ಸಬ್‌ಕಾಂಪ್ಯಾಕ್ಟ್ ಮಾದರಿಯಲ್ಲಿ ಈ ತಿರುಗುವ ಬ್ಯಾರಲ್ ಇಲ್ಲ, ಅದು ವಾಲುವ ಜಾತಿಯದ್ದೇ. ಹೆಸರು ನೋಡಿ ಕೊಂಡರೆ ಇಲ್ಲಿ ಮೋಸ ಹೋಗುತ್ತೀರಿ. ತಿರುಗುವ ಬ್ಯಾರಲ್ಲಿಗೆ ತೆಳು ಎಣ್ಣೆಗಿಂತ ಗ್ರೀಸ್ ಒಳ್ಳೆಯದು. ಆ ತೋಡಿಗೂ ಬ್ಯಾರಲ್ಲಿನ ಹಲ್ಲಿಗೂ ತೆಳುವಾಗಿ ಬಳಿದರೆ ಸ್ಲೈಡ್ ಎಳೆಯುವಾಗಲೇ ನಯ ಗೊತ್ತಾಗುತ್ತದೆ. ನನಗೆ ಹಿಡಿಸದೆ ಇರುವುದು ಒಂದೇ, ಸ್ಲೈಡಿನ ಮೇಲೆ ಕಿವಿಯ ಹಾಗೆ ಚಾಚಿದ, ಗುಂಡು ಹಾರದಂತೆ ತಡೆಯುವ ಸೇಫ್ಟಿ. ಸ್ಲೈಡನ್ನು ಮೇಲಿಂದ ಗಬಕ್ಕನೆ ಹಿಡಿದು ಎಳೆದರೆ ಅದೂ ಕೆಳಗೆ ಬಂದುಬಿಡುತ್ತದೆ. ಆಮೇಲೆ ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ. ಸೇಫ್ಟಿಯಾಗಿ ನಿಲ್ಲದೆ, ಹಿಂದೆ ಎದ್ದುನಿಂತ ಸುತ್ತಿಗೆಯಂಥ ಹ್ಯಾಮರ್ ಇಳಿಸುವ ಕೆಲಸ ಮಾತ್ರ ಮಾಡುವ ಜಿ ಮಾದರಿಯೂ ಇದೆ, ನನಗೆ ಅದೇ ಇಷ್ಟ.

ಈ ಗನ್ ಹಿಂದೆ ಬೀಳಲು ಇನ್ನೊಂದು ಕಾರಣ ಮೊದಲ ಗುಂಡಿನ ಉದ್ದ, ಭಾರದ ಟ್ರಿಗರ್. ಮೊದಲ ಗುಂಡು ಡಬಲ್ ಆಕ್ಷನ್, ಅಂದರೆ ಟ್ರಿಗರ್ ಎಳೆತವೇ ಹ್ಯಾಮರನ್ನು ಎತ್ತಿ ಬೀಳಿಸಬೇಕು; ಆಮೇಲಿನದೆಲ್ಲ ಹ್ಯಾಮರ್ ಮೊದಲೇ ಎದ್ದಿರುವ, ಹಗುರದ ಸಿಂಗಲ್ ಆಕ್ಷನ್. ಎರಡು ಥರದ ಟ್ರಿಗರ್ ಯಾಕೆ ಕಲಿಯಬೇಕು ಅಂತ ಜನ ಕೇಳುತ್ತಾರೆ. ಕಲಿಯಲು ಒಳ್ಳೆಯ ದಾರಿ ಇನ್ನೊಂದು ಮರೆತುಹೋದ ಗನ್ನಿನಲ್ಲಿದೆ, ನಾಲ್ಕಿಂಚು ಬ್ಯಾರಲ್ಲಿನ .38 ಸ್ಪೆಷಲ್ ರಿವಾಲ್ವರ್.

ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 10 ಮರೆತುಹೋಗಿದೆ ಅಂದರೆ ನಗುತ್ತೀರೇನೋ. 1899ರಿಂದ ಬಂದ ವಂಶ ಅದು, 60 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಆದರೂ ಇವತ್ತು ರೇಂಜಿನಲ್ಲಿ ಅದನ್ನು ಹೊಡೆಯುವವರು ಎಷ್ಟು ಜನ? ಹಳೇ ಕಾಲದ ಪೊಲೀಸರ ಗನ್ ಅಂತ ಸುಮ್ನೆ ಬಿಟ್ಟಿದ್ದಾರೆ. ಅದಕ್ಕೆ 148 ಗ್ರೇನ್ ತೂಕದ ವ್ಯಾಡ್‌ಕಟರ್ ಗುಂಡು ಹಾಕಿ ನೋಡಿ. ಮೂತಿ ಚಪ್ಪಟೆ, ವೇಗ ಕಡಿಮೆ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಕಾಗದದ ಮೇಲೆ ಆಫೀಸಿನ ಪಂಚ್‌ನಲ್ಲಿ ಒತ್ತಿದ ಹಾಗೆ ದುಂಡಗೆ ತೂತು ಬೀಳುತ್ತದೆ. ಟಾರ್ಗೆಟ್ಟಿನ ಅಂಕದ ಗೆರೆ ಮುಟ್ಟಿತೋ ಇಲ್ಲವೋ ಅಂತ ಜಗಳವೇ ಇಲ್ಲ.

ನಾನು ಟ್ರಿಗರ್ ಕಲಿತದ್ದು ಇದರಲ್ಲೇ. ಗುಂಡು ತುಂಬುವ ಸಿಲಿಂಡರಿನ ಆರು ಮನೆಗಳಲ್ಲಿ ನಾಲ್ಕಕ್ಕೆ ಗುಂಡು, ಎರಡಕ್ಕೆ ಮದ್ದಿಲ್ಲದ ಡಮ್ಮಿ. ಸಿಲಿಂಡರನ್ನು ತಿರುಗಿಸಿ, ನೋಡದೆ ಮುಚ್ಚುತ್ತೇನೆ. ಹ್ಯಾಮರಿಗೆ ಬೆರಳು ಸೋಕಿಸುವುದಿಲ್ಲ, ಎಲ್ಲವೂ ಡಬಲ್ ಆಕ್ಷನ್. ಡಮ್ಮಿ ಬಂದಾಗ ಟಕ್ ಅನ್ನುತ್ತದೆ, ಅಷ್ಟೇ. ಆ ಕ್ಷಣ ಮುಂದಿನ ಸೈಟ್ ಕೆಳಗೆ ಕುಸಿದರೆ ನೀವು ಒದೆತಕ್ಕೆ ಮುಂಚೆಯೇ ಹೆದರಿ ಒತ್ತುತ್ತಿದ್ದೀರಿ ಅಂತ ಲೆಕ್ಕ. ಗುಂಡು ಹಾರಿದಾಗ ಇದು ಕಾಣುವುದಿಲ್ಲ, ಒದೆತದಲ್ಲಿ ಮುಚ್ಚಿಹೋಗುತ್ತದೆ. ಸೈಟ್ ಅಲುಗದೆ ನಿಲ್ಲುವ ತನಕ ಇದನ್ನೇ ಮಾಡಿ. ಆಮೇಲೆ ಪಿಎಕ್ಸ್4ನ ಮೊದಲ ಗುಂಡು ನಿಮಗೆ ಭಾರ ಅನ್ನಿಸುವುದಿಲ್ಲ.

ರಿವಾಲ್ವರಿನಿಂದ ಖಾಲಿ ಕೇಸ್ ಹೊರಹಾಕುವಾಗ ಗನ್ನಿನ ಬಾಯಿ ಆಕಾಶಕ್ಕೆ ಮಾಡಿ, ಕೇಸುಗಳನ್ನು ತಳ್ಳುವ ಎಜೆಕ್ಟರ್ ಕಡ್ಡಿಯನ್ನು ಅಂಗೈಯಿಂದ ಒಂದೇ ಏಟಿಗೆ ಪೂರ್ತಿ ಒತ್ತಬೇಕು. ಮೆಲ್ಲಗೆ, ಅಡ್ಡಲಾಗಿ ಹಿಡಿದು ಒತ್ತಿದರೆ ಸುಡದೆ ಉಳಿದ ಮದ್ದಿನ ಕಾಳು ಎಜೆಕ್ಟರಿನ ನಕ್ಷತ್ರಾಕಾರದ ತಟ್ಟೆಯ ಅಡಿಗೆ ಸೇರುತ್ತದೆ. ಒಂದೇ ಒಂದು ಕಾಳು ಸಾಕು, ಸಿಲಿಂಡರ್ ಮುಚ್ಚುವುದಿಲ್ಲ, ಮುಚ್ಚಿದರೂ ಬಿಗಿಯಾಗಿ ತಿರುಗುತ್ತದೆ. ಗನ್ ಕೆಟ್ಟಿತು ಅಂತ ಬರುವವರಿಗೆ ನಾನು ಮೊದಲು ಅಲ್ಲಿ ಹಳೇ ಟೂತ್‌ಬ್ರಷ್ ಆಡಿಸಿ ಅನ್ನುತ್ತೇನೆ. ಹಳೆಯದನ್ನು ಕೊಳ್ಳುವಾಗ, ಖಾಲಿ ಗನ್ನಿನ ಹ್ಯಾಮರನ್ನು ನಿಧಾನಕ್ಕೆ ಎಳೆದು, ಆರೂ ಮನೆಗೆ ಸಿಲಿಂಡರ್ ಪೂರ್ತಿ ಬಂದು ಲಾಕ್ ಆಗುತ್ತದಾ ನೋಡಿ. ಒಂದು ಮನೆ ಹಿಂದೆ ಉಳಿದರೂ ಅದು ರಿಪೇರಿ ಕೇಳುವ ಗನ್.

ಸ್ಟೈರ್ ಎಂ9 ಬಗ್ಗೆ ಕಡಿಮೆ ಮಾತು ಸಾಕು. 1999ರದ್ದು, ಪಾಲಿಮರ್ ಮೈ. ಬ್ಯಾರಲ್ ಕೈಗೆ ತೀರಾ ಹತ್ತಿರ, ತಗ್ಗಿನಲ್ಲಿ ಕೂರುತ್ತದೆ, ಹಾಗಾಗಿ ಬಾಯಿ ಏಳುವುದು ಕಡಿಮೆ. ಸೈಟ್ ಮಾತ್ರ ವಿಚಿತ್ರ. ಮುಂದೆ ತ್ರಿಕೋನ, ಹಿಂದೆ ಅದಕ್ಕೆ ಹೊಂದುವ ಇಳಿಜಾರು ಸಂದು. ಹತ್ತಿರದ ಟಾರ್ಗೆಟ್ಟಿಗೆ ಬೇಗ ಕೂರುತ್ತದೆ. 25 ಮೀಟರಿನಲ್ಲಿ ತ್ರಿಕೋನದ ಚೂಪು ತುದಿಯಿಂದ ಎತ್ತರ ಅಳೆಯುವುದು ಕಷ್ಟ, ನನಗೆ ಚೌಕ ಸೈಟೇ ಬೇಕು. ಬಾಕಿಯೆಲ್ಲ ಚೆನ್ನ.

ಮಕರೋವ್ ಬೇರೆ ಜಾತಿ. ಸೋವಿಯತ್ ಸೇನೆ 1951ರಲ್ಲಿ ತೆಗೆದುಕೊಂಡದ್ದು, ಎಂಟು ಗುಂಡಿನ ಮ್ಯಾಗಜಿನ್, ಫ್ರೇಮಿಗೆ ಭದ್ರವಾಗಿ ಕೂತ ಬ್ಯಾರಲ್. ಬ್ಯಾರಲ್ ಅಲುಗದ ಕಾರಣ ಚೀಲದ ಮೇಲಿಟ್ಟು ಹೊಡೆದರೆ ಗುಂಡುಗಳು ಒಂದೆಡೆ ಗುಂಪಾಗಿ ಬೀಳುತ್ತವೆ. ಆದರೆ ಲಾಕ್ ಇಲ್ಲದ ಬ್ಲೋಬ್ಯಾಕ್ ಆದ್ದರಿಂದ ಒದೆತ ಚುರುಕು, ಸೈಟುಗಳು ಪುಟಾಣಿ. ಇದರ 9×18 ಗುಂಡಿಗೂ ಸಾಮಾನ್ಯ 9×19 ಗುಂಡಿಗೂ ಸಂಬಂಧವಿಲ್ಲ, ಗುಂಡಿನ ದಪ್ಪವೇ ಬೇರೆ. ಅದಕ್ಕೆ ಇದು, ಇದಕ್ಕೆ ಅದು ಹಾಕುವ ಯೋಚನೆಯೇ ಬೇಡ.

.22ರ ಪಿಸ್ತೂಲುಗಳನ್ನು ಮಕ್ಕಳ ಆಟಿಕೆ ಅಂತ ನೋಡುವವರಿಗೆ ನಾನು ಮಾರ್ಗೋಲಿನ್ ಪಿಸ್ತೂಲನ್ನು ಕೈಗೆ ಕೊಡುತ್ತೇನೆ. ಅದನ್ನು ರೂಪಿಸಿದ ಮಿಖಾಯಿಲ್ ಮಾರ್ಗೋಲಿನ್‌ಗೆ ಕಣ್ಣೇ ಕಾಣುತ್ತಿರಲಿಲ್ಲ. ಭಾಗಗಳನ್ನು ಮೇಣದಲ್ಲಿ, ಜೇಡಿಯಲ್ಲಿ ಮಾಡಿ ಬೆರಳಿನಿಂದಲೇ ತಿದ್ದುತ್ತಿದ್ದರು. ಹಿಂದಿನ ಸೈಟ್ ಓಡಾಡುವ ಸ್ಲೈಡಿನ ಮೇಲಿಲ್ಲ, ಫ್ರೇಮಿಗೆ ಹಾಕಿದ ಕಮಾನಿನ ಮೇಲಿದೆ. ಸ್ಲೈಡ್ ಅದರ ಅಡಿಯಲ್ಲಿ ಹೋಗಿಬರುತ್ತದೆ, ಸೈಟ್ ಕದಲುವುದಿಲ್ಲ. ಸೈಟಿನ ಮೇಲೆ ಇಷ್ಟು ಕಾಳಜಿ ವಹಿಸಿದವರಿಗೆ ಅದು ಕಾಣುತ್ತಲೇ ಇರಲಿಲ್ಲ, ಎಂಥ ವಿಷಯ ಅಲ್ವಾ! ಖಾಲಿ ಚೇಂಬರಿನಲ್ಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡುವಾಗ ಮಾತ್ರ .22ಕ್ಕೆ ಡಮ್ಮಿ ಹಾಕಲೇಬೇಕು. ಎಷ್ಟೋ ಮಾದರಿಗಳಲ್ಲಿ ಗುಂಡಿಗೆ ಬಡಿಯುವ ಪಿನ್ ನೇರ ಚೇಂಬರಿನ ಅಂಚಿಗೆ ಬಡಿದು ಕಚ್ಚು ಮಾಡುತ್ತದೆ.

ಇನ್ನು ಹೆಕ್ಲರ್ ಅಂಡ್ ಕಾಖ್ ಕಂಪನಿಯ ಎಚ್‌ಕೆ ಪಿ7. 1970ರ ದಶಕದಲ್ಲಿ ಪಶ್ಚಿಮ ಜರ್ಮನಿಯ ಪೊಲೀಸರಿಗಾಗಿ ಮೂರು ಪಿಸ್ತೂಲ್ ಬಂದವು: ವಾಲ್ಥರ್ ಪಿ5, ಪಿ6 ಅನ್ನಿಸಿಕೊಂಡ ಸಿಗ್ ಪಿ225, ಮತ್ತು ಇದು. ಮೂರೂ ತೆಳು ಹಿಡಿಯವು, ಚಿಕ್ಕ ಕೈಯವರಿಗೆ ಹೇಳಿ ಮಾಡಿಸಿದ ಹಾಗಿವೆ. ಪಿ7ನ ಹಿಡಿಯ ಮುಂಭಾಗವನ್ನು ಬಿಗಿಯಾಗಿ ಒತ್ತಿದರೆ ಗನ್ ಸಿದ್ಧ, ಬಿಟ್ಟರೆ ಸುಮ್ಮನಾಗುತ್ತದೆ. ಬೇರೆ ಸೇಫ್ಟಿ ಬೇಕಾಗಿಲ್ಲ. ಗುಂಡಿನ ಹಿಂದಿನ ಅನಿಲವೇ ಒಂದು ಪಿಸ್ಟನ್ನಿನ ಮೂಲಕ ಸ್ಲೈಡ್ ಹಿಂದೆ ಬರುವುದನ್ನು ತಡಮಾಡುತ್ತದೆ, ಬ್ಯಾರಲ್ ಕದಲುವುದಿಲ್ಲ. ಎರಡನೇ ಗುಂಡು ಮೊದಲನೆಯದರ ಮಗ್ಗುಲಲ್ಲೇ ಬೀಳುತ್ತದೆ. ಸತತ ಹೊಡೆದರೆ ಟ್ರಿಗರ್ ಮೇಲಿನ ಉಕ್ಕು ಬೆರಳು ಚುರುಗುಟ್ಟುವಷ್ಟು ಬಿಸಿಯಾಗುತ್ತದೆ, ಅದೊಂದು ತೊಂದರೆ.

ಹೆಸರಿಲ್ಲದ ಗನ್ ಕೊಳ್ಳುವ ಮುಂಚೆ ನಾನು ಅಂಗಡಿಯವರಿಗೆ ಎರಡೇ ಪ್ರಶ್ನೆ ಕೇಳುತ್ತೇನೆ. ಹೆಚ್ಚುವರಿ ಮ್ಯಾಗಜಿನ್ ಸಿಗುತ್ತದಾ? ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸಿಗುತ್ತದಾ? ಇವೆರಡೂ ಸವೆಯುವ ಸಾಮಾನು, ಇವತ್ತಲ್ಲ ನಾಳೆ ಬೇಕೇ ಬೇಕು. ಪಿಎಕ್ಸ್4ಗೆ ಸಿಗುತ್ತವೆ, ರಿವಾಲ್ವರಿಗೆ ಮ್ಯಾಗಜಿನ್ನಿನ ತಲೆನೋವೇ ಇಲ್ಲ. ಪಿ7 ತಯಾರಿಕೆ ನಿಂತು ವರ್ಷಗಳಾದವು, ಬಿಡಿಭಾಗ ಹುಡುಕುವುದೇ ಒಂದು ಕೆಲಸ. ಹಾಗಾಗಿ ಅದನ್ನು ನಾನು ಇಟ್ಟುಕೊಂಡಿಲ್ಲ. ಗೆಳೆಯರೊಬ್ಬರ ಹತ್ತಿರ ಇದೆ, ಗುಂಡಿನ ಡಬ್ಬಿ ಹಿಡಿದುಕೊಂಡು ಅವರ ಪಕ್ಕದ ಲೇನಿಗೆ ಹೋಗಿ ನಿಲ್ಲುತ್ತೇನೆ.