ಗಡಿಯಾರ ಇಲ್ಲದ ಬೋರ್ಡ್‌ಗೆ ಡಿಎಚ್‌ಸಿಪಿ ಸರ್ವರ್ ಕಂಪೈಲ್ ಮಾಡಿದ್ದು: ನನ್ನ ಅನುಭವ

ಕರೆಂಟ್ ಹೋಗಿ ಬಂದಾಗಲೆಲ್ಲ ನಾನು ನೋಡಿಕೊಳ್ಳುವ ನೆಟ್‌ವರ್ಕ್‌ನಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಎಲ್ಲ ಯಂತ್ರಗಳಿಗೂ ಐಪಿ ವಿಳಾಸ ಸಿಗುತ್ತಿತ್ತು. ಇಂಟರ್‌ನೆಟ್ ಕೂಡ ಬರುತ್ತಿತ್ತು. ಒಂದೆರಡು ನಿಮಿಷ ಕಳೆಯುತ್ತಿದ್ದಂತೆ ಪ್ರಿಂಟರ್ ಹೆಸರು ಮಾಯ! ವಿಳಾಸದ ಅಂಕಿಗಳನ್ನೇ ಹೊಡೆದರೆ ಅದು ಸಿಗುತ್ತಿತ್ತು. ಹೆಸರು ಹೊಡೆದರೆ ಇಲ್ಲ. ಫೈಲ್ ಸರ್ವರ್ ಕತೆಯೂ ಅದೇ. ಸುಮಾರು ಆರು ಗಂಟೆಯ ನಂತರ ಎಲ್ಲ ತಾನಾಗಿಯೇ ಸರಿಹೋಗುತ್ತಿತ್ತು. ತಾನಾಗಿ ಸರಿಹೋಗುವ ತೊಂದರೆಯನ್ನು ಹುಡುಕೋದು ಬಹಳ ಕಷ್ಟ. ನಾವು ಕೂತು ನೋಡುವ ಹೊತ್ತಿಗೆ ಅದು ಇರುವುದಿಲ್ಲ.

ನಮ್ಮ ರೂಟರ್ ಒಂದು ಚಿಕ್ಕ ಬೋರ್ಡ್. ಅದರಲ್ಲಿ ಓಡುವುದು ಡಿಎನ್ಎಸ್‌ಮಾಸ್ಕ್. ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನೂ, ಹೆಸರು ಹುಡುಕಿಕೊಡುವ ಡಿಎನ್ಎಸ್ ಕೆಲಸವನ್ನೂ ಅದೊಂದೇ ಮಾಡುತ್ತದೆ. ವಿಳಾಸವನ್ನು ಇಂತಿಷ್ಟು ಹೊತ್ತಿಗೆ ಅಂತ ಕೊಡುವುದೇ ಲೀಸ್. ಯಾವ ಯಂತ್ರಕ್ಕೆ ಲೀಸ್ ಕೊಟ್ಟಿದೆಯೋ ಅದರ ಹೆಸರು ಡಿಎನ್ಎಸ್‌ನಲ್ಲೂ ಸಿಗುತ್ತದೆ. ಲೀಸ್ ಮುಗಿದರೆ ಹೆಸರೂ ಹೋಗುತ್ತದೆ. ಹಾಗಾಗಿ ಲೀಸ್‌ಗಳೇ ಹೋಗುತ್ತಿವೆ ಅಂತ ನನಗೆ ಅನುಮಾನ ಬಂತು.

ಒಂದು ಸಂಜೆ ಬೇಕೆಂದೇ ಪವರ್ ತೆಗೆದು ಹಾಕಿದೆ. ಲೀಸ್ ಫೈಲ್ ತೆರೆದು ಎದುರಿಗೇ ಇಟ್ಟುಕೊಂಡೆ. ಈ ಫೈಲಿನ ಪ್ರತಿ ಸಾಲಿನ ಮೊದಲ ಅಂಕಿ ಲೀಸ್ ಯಾವಾಗ ಮುಗಿಯುತ್ತದೆ ಅನ್ನುವುದನ್ನು ಹೇಳುತ್ತದೆ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು ಅವು. 1718000000 ಅಂತಿದ್ದರೆ 2024ರ ಜೂನ್ 10. ನಾನು ನೋಡುತ್ತಿದ್ದಂತೆ ಸಾಲುಗಳ ಅಂಕಿ ಒಂದೊಂದಾಗಿ 43 ಸಾವಿರದ ಆಸುಪಾಸಿಗೆ ಇಳಿಯಿತು. ಎರಡು ನಿಮಿಷ ಆಗುತ್ತಿದ್ದಂತೆ ಆ ಸಾಲುಗಳೆಲ್ಲ ಒಟ್ಟಿಗೆ ಅಳಿಸಿಹೋದವು.

ಆಗ ಅರ್ಥವಾಯಿತು. ಈ ಬೋರ್ಡ್‌ನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಬಂದಾಗ ಅದಕ್ಕೆ ಅದು 1970. ಅದೇ ಹೊತ್ತಿಗೆ ಉಳಿದ ಯಂತ್ರಗಳೂ ಎದ್ದು ವಿಳಾಸ ಕೇಳುತ್ತವೆ. ನಾನು ಕೊಡುತ್ತಿದ್ದ ಲೀಸ್ 12 ಗಂಟೆಯದು, ಅಂದರೆ 43200 ಸೆಕೆಂಡ್. ಸರ್ವರ್ ಪ್ರಾಮಾಣಿಕವಾಗಿ ಲೆಕ್ಕ ಹಾಕಿ 1970ರ ಜನವರಿ 1ರ ಮಧ್ಯಾಹ್ನಕ್ಕೆ ಮುಗಿಯುವ ಲೀಸ್ ಬರೆಯುತ್ತದೆ. ಸ್ವಲ್ಪ ಹೊತ್ತಿಗೆ ಇಂಟರ್‌ನೆಟ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಬಂದು ಗಡಿಯಾರವನ್ನು ಇವತ್ತಿಗೆ ತರುತ್ತದೆ. ಸರ್ವರ್ ಕಣ್ಣಿಗೆ ಅಷ್ಟೂ ಲೀಸ್‌ಗಳು ಐವತ್ತು ವರ್ಷದ ಹಿಂದೆಯೇ ಮುಗಿದವು. ಅತ್ತ ಯಂತ್ರಗಳಿಗೆ ಇದು ಗೊತ್ತೇ ಇಲ್ಲ. ಲೀಸ್ ಅವಧಿಯಲ್ಲಿ ಅರ್ಧ ಕಳೆದಾಗ ಅವು ನವೀಕರಣ ಕೇಳುತ್ತವೆ. 12 ಗಂಟೆಯ ಅರ್ಧ ಆರು. ನನ್ನ ಆರು ಗಂಟೆಯ ಒಗಟು ಅಲ್ಲಿಗೆ ಬಿಡಿಸಿತು.

ಬರೀ ಹೆಸರು ಹೋಗುವುದಾಗಿದ್ದರೆ ಹೇಗೋ ಸಹಿಸಬಹುದಿತ್ತು. ಇನ್ನೂ ಕೆಟ್ಟದ್ದು ಏನೆಂದರೆ, ಸರ್ವರ್ ಆ ವಿಳಾಸಗಳು ಖಾಲಿ ಇವೆ ಅಂದುಕೊಳ್ಳುತ್ತದೆ. ಹೊಸಬರಿಗೆ ಕೊಡುವ ಮೊದಲು ಅದು ಪಿಂಗ್ ಮಾಡಿ, ಅಂದರೆ ಆ ವಿಳಾಸದಲ್ಲಿ ಯಾರಾದರೂ ಇದ್ದಾರಾ ಅಂತ ಕೂಗಿ, ನೋಡುತ್ತದೆ ನಿಜ. ಆದರೆ ಪಿಂಗ್‌ಗೆ ಉತ್ತರ ಕೊಡದ ಯಂತ್ರಗಳು ಇರುತ್ತವೆ. ಒಮ್ಮೆ ಇಬ್ಬರ ಲ್ಯಾಪ್‌ಟಾಪ್‌ಗೆ ಒಂದೇ ವಿಳಾಸ ಹೋಗಿ ಇಬ್ಬರಿಗೂ ಕೆಲಸ ನಿಂತಿತ್ತು. ಅದರ ಕಾರಣ ಆಗ ತಿಳಿದಿರಲಿಲ್ಲ.

ಮೊದಲು ನನಗೆ ಹೊಳೆದದ್ದು ಸುಲಭದ ದಾರಿ. ಗಡಿಯಾರ ಸರಿಯಾಗುವ ತನಕ ಡಿಎನ್ಎಸ್‌ಮಾಸ್ಕ್ ಶುರು ಮಾಡದಿದ್ದರಾಯಿತು, ಅಲ್ವಾ? ಒಂದು ದಿನವೂ ನಿಲ್ಲಲಿಲ್ಲ ಆ ಉಪಾಯ. ಎನ್‌ಟಿಪಿ ಸರ್ವರ್‌ನ ಹೆಸರು ಹುಡುಕಲು ಬೋರ್ಡ್‌ಗೆ ಡಿಎನ್ಎಸ್ ಬೇಕು. ಡಿಎನ್ಎಸ್ ಕೊಡುವುದು ಇದೇ ಡಿಎನ್ಎಸ್‌ಮಾಸ್ಕ್. ಒಂದಕ್ಕೊಂದು ಕಾಯುತ್ತಾ ಕೂತವು. ಎನ್‌ಟಿಪಿಗೆ ನೇರ ವಿಳಾಸ ಕೊಟ್ಟು ಅದನ್ನು ದಾಟಬಹುದಿತ್ತು. ಆದರೆ ಹೊರಗಿನ ಲೈನ್ ಬಿದ್ದಿದ್ದರೆ ಒಳಗಿನ ಯಾರಿಗೂ ವಿಳಾಸವೇ ಸಿಗುವುದಿಲ್ಲ. ಇಂಟರ್‌ನೆಟ್ ಇಲ್ಲ ಅಂತ ಪ್ರಿಂಟರ್ ಕೂಡ ನಿಲ್ಲಬಾರದು. ಅದನ್ನು ಕೈಬಿಟ್ಟೆ.

ಉತ್ತರ ಇದ್ದದ್ದು ಮೂಲ ಕೋಡ್‌ನಲ್ಲೇ. ಮೂಲ ಕೋಡನ್ನು ಯಂತ್ರದಲ್ಲಿ ಓಡುವ ಬೈನರಿಯಾಗಿ ಬದಲಿಸುವುದೇ ಕಂಪೈಲ್. ಡಿಎನ್ಎಸ್‌ಮಾಸ್ಕ್‌ನ ಕಂಪೈಲ್ ಹೊತ್ತಿನ ಆಯ್ಕೆಗಳೆಲ್ಲ ಎಸ್‌ಆರ್‌ಸಿ ಫೋಲ್ಡರ್‌ನ ಕಾನ್ಫಿಗ್ ಡಾಟ್ ಎಚ್ ಫೈಲಿನಲ್ಲಿವೆ. ಮೇಲುಗಡೆ ಉದ್ದದ ಕಾಮೆಂಟ್ ಇದೆ. ಯಾವ ಆಯ್ಕೆ ಏನು ಮಾಡುತ್ತದೆ ಅಂತ ಸೈಮನ್ ಕೆಲ್ಲಿ ಅಲ್ಲಿ ಬಿಡಿಸಿ ಬರೆದಿದ್ದಾರೆ. ಈ ಸಾಫ್ಟ್‌ವೇರ್ ಬರೆದವರು ಅವರೇ. ಸೇರಿಸುವ ಆಯ್ಕೆಗಳು ಹ್ಯಾವ್ ಎಂದು ಶುರುವಾಗುತ್ತವೆ. ತೆಗೆಯುವವು ನೋ ಎಂದು. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಬರೆದಿರುತ್ತದೆ. ಅದರಲ್ಲಿ ನನಗೆ ಬೇಕಾದದ್ದು ಸಿಕ್ಕಿತು: ಹ್ಯಾವ್_ಬ್ರೋಕನ್_ಆರ್‌ಟಿಸಿ. ಆರ್‌ಟಿಸಿ ಅಂದರೆ ಬೋರ್ಡ್‌ನೊಳಗಿನ ಗಡಿಯಾರ. ಆಫ್ ಮಾಡಿದರೆ ಸಮಯ ಮರೆಯುವ ಯಂತ್ರಗಳಿಗೆ ಅಂತಲೇ ಮಾಡಿದ ಆಯ್ಕೆ.

ಇದನ್ನು ಹಾಕಿ ಕಂಪೈಲ್ ಮಾಡಿದರೆ ಸರ್ವರ್ ಗೋಡೆ ಗಡಿಯಾರ ನೋಡುವುದನ್ನೇ ಬಿಡುತ್ತದೆ. ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ಲೆಕ್ಕ ಇಡುತ್ತದೆ. ಎನ್‌ಟಿಪಿ ಬಂದು ಗಡಿಯಾರವನ್ನು ಐವತ್ತು ವರ್ಷ ಮುಂದೆ ತಳ್ಳಿದರೂ ಆ ಲೆಕ್ಕ ಅಲುಗುವುದಿಲ್ಲ. ಲೀಸ್ ಫೈಲಿನಲ್ಲೂ ಮುಗಿಯುವ ಸಮಯದ ಬದಲು ಲೀಸ್‌ನ ಉದ್ದ ಬರೆಯುತ್ತದೆ. 12 ಗಂಟೆಯದಾದರೆ ಬರೀ 43200.

ಇದರಿಂದ ನಾನು ಕೇಳದೇ ಇದ್ದ ಇನ್ನೊಂದು ಲಾಭವೂ ಸಿಕ್ಕಿತು. ಮಾಮೂಲಿ ಬೈನರಿ ಪ್ರತಿ ನವೀಕರಣಕ್ಕೂ ಲೀಸ್ ಫೈಲನ್ನು ಮತ್ತೆ ಬರೆಯುತ್ತದೆ. ಯಾಕೆಂದರೆ ಮುಗಿಯುವ ಸಮಯ ಪ್ರತಿ ಸಲ ಬದಲಾಗುತ್ತದೆ. ನನ್ನಲ್ಲಿ 12 ಗಂಟೆ ಲೀಸ್‌ನ 40 ಯಂತ್ರಗಳಿವೆ. ಆರು ಗಂಟೆಗೊಮ್ಮೆ ಅಂದರೆ ದಿನಕ್ಕೆ 160 ನವೀಕರಣ. ಅತಿಥಿಗಳ ವೈಫೈ ಲೀಸ್ ಒಂದು ಗಂಟೆಯದು. ಅಲ್ಲಿ ಒಂದು ಫೋನ್ ದಿನವಿಡೀ ಇದ್ದರೆ ಅದೊಂದೇ 48 ಸಲ. ಇಷ್ಟೂ ಹೋಗುತ್ತಿದ್ದದ್ದು ಬೋರ್ಡ್‌ನ ಫ್ಲ್ಯಾಶ್ ಮೇಲೆ, ಬರೆದಷ್ಟೂ ಸವೆಯುವ ಮೆಮೊರಿ ಅದು. ಲೀಸ್‌ನ ಉದ್ದ ಮಾತ್ರ ಬರೆದರೆ ನವೀಕರಣದಲ್ಲಿ ಬದಲಾಗುವುದು ಏನೂ ಇಲ್ಲ. ಹೊಸ ಲೀಸ್ ಹುಟ್ಟಿದಾಗ, ಹಳೆಯದು ಹೋದಾಗ ಮಾತ್ರ ಬರೆದರೆ ಸಾಕು. ಫ್ಲ್ಯಾಶ್ ಬಾಳಿಕೆಗೆ ಇದು ದೊಡ್ಡ ವಿಷಯ.

ಕಂಪೈಲ್ ಮಾಡುವುದರಲ್ಲಿ ದೊಡ್ಡ ಕೆಲಸ ಇಲ್ಲ. ಕಾನ್ಫಿಗರ್ ಸ್ಕ್ರಿಪ್ಟ್ ಅಂತ ಇಲ್ಲಿ ಇರುವುದಿಲ್ಲ. ಮೇಕ್ ಕಮಾಂಡ್‌ಗೆ ಸಿ-ಓ-ಪಿ-ಟಿ-ಎಸ್ ಎಂಬ ವೇರಿಯಬಲ್ ಕೊಟ್ಟು, ಅದರೊಳಗೆ ಹೈಫನ್ ಡಿ ಮುಂದೆ ಆಯ್ಕೆಯ ಹೆಸರು ಬರೆದರೆ ಆಯಿತು. ಬೇರೆ ಪ್ರೊಸೆಸರ್‌ನ ಬೋರ್ಡ್ ಆದ್ದರಿಂದ ಕ್ರಾಸ್ ಕಂಪೈಲರ್ ಹೆಸರನ್ನೂ ಸಿಸಿ ವೇರಿಯಬಲ್‌ನಲ್ಲಿ ಕೊಟ್ಟೆ.

ಆದರೆ ಮೊದಲ ಸಲ ನಾನು ಆಸೆಬುರುಕನಾದೆ. ಹೇಗೂ ಕಂಪೈಲ್ ಮಾಡುತ್ತಿದ್ದೇನೆ, ಬೇಡದ್ದನ್ನೆಲ್ಲ ತೆಗೆದು ಬೈನರಿ ಚಿಕ್ಕದು ಮಾಡೋಣ ಅನ್ನಿಸಿತು. ನೋ_ಟಿಎಫ್‌ಟಿಪಿ (ಫೈಲ್ ಕಳಿಸುವ ಸೌಲಭ್ಯ ಬೇಡ), ನೋ_ಆಥ್ (ಅಧಿಕೃತ ಡಿಎನ್ಎಸ್ ಸರ್ವರ್ ಆಗುವುದು ಬೇಡ), ನೋ_ಸ್ಕ್ರಿಪ್ಟ್ (ಲೀಸ್ ಬದಲಾದಾಗ ಸ್ಕ್ರಿಪ್ಟ್ ಓಡಿಸುವುದು ಬೇಡ) ಮೂರನ್ನೂ ಸೇರಿಸಿದೆ. ಬೋರ್ಡ್‌ಗೆ ಹಾಕಿ ಶುರು ಮಾಡಿದರೆ ಸರ್ವರ್ ಏಳಲೇ ಇಲ್ಲ. ಲೀಸ್ ಬದಲಾವಣೆಯ ಸ್ಕ್ರಿಪ್ಟ್ ಬೇಕಿದ್ದರೆ ಹ್ಯಾವ್_ಸ್ಕ್ರಿಪ್ಟ್ ಇಟ್ಟು ಮತ್ತೆ ಕಂಪೈಲ್ ಮಾಡಿ ಅಂತ ಸಂದೇಶ ಬಂತು. ನನ್ನ ಕಾನ್ಫಿಗ್‌ನಲ್ಲಿ ಡಿಎಚ್‌ಸಿಪಿ-ಸ್ಕ್ರಿಪ್ಟ್ ಸಾಲು ಇತ್ತು. ಹೊಸ ಯಂತ್ರ ಬಂದರೆ ನನಗೆ ತಿಳಿಸುವ ಪುಟ್ಟ ಸ್ಕ್ರಿಪ್ಟ್ ಅದು. ಹಳೆಯ ಬೈನರಿ ವಾಪಸ್ ಹಾಕುವವರೆಗೆ ನೆಟ್‌ವರ್ಕ್ ಪೂರ್ತಿ ನಿಂತಿತ್ತು. ತಪ್ಪು ನನ್ನದೇ. ಡಬಲ್ ಹೈಫನ್ ಟೆಸ್ಟ್ ಅಂತ ಕೊಟ್ಟು ಓಡಿಸಿದ್ದರೆ ಸರ್ವರ್ ಶುರುವಾಗದೆ ಬರೀ ಕಾನ್ಫಿಗ್ ಓದಿ ಇದನ್ನು ಹೇಳಿಬಿಡುತ್ತಿತ್ತು.

ಆದರೆ ಟೆಸ್ಟ್ ಒಂದನ್ನೇ ನಂಬಬೇಡಿ. ಸ್ಕ್ರಿಪ್ಟ್ ಆಯ್ಕೆಯ ಕೊರತೆ ಕಾನ್ಫಿಗ್ ಓದುವಾಗಲೇ ಗೊತ್ತಾಗುತ್ತದೆ. ಟಿಎಫ್‌ಟಿಪಿ, ಡಿಎನ್ಎಸ್‌ಸೆಕ್ (ಡಿಎನ್ಎಸ್ ಉತ್ತರಗಳ ಸಹಿ ಪರೀಕ್ಷೆ) ಇಲ್ಲದಿರುವುದು ನಿಜವಾಗಿ ಶುರು ಮಾಡಿದಾಗ ಮಾತ್ರ ತಿಳಿಯುತ್ತದೆ. ಅಂದಿನಿಂದ ಹೊಸ ಬೈನರಿಯನ್ನು ಮೇಜಿನ ಮೇಲಿರುವ ಇನ್ನೊಂದು ಬೋರ್ಡ್‌ನಲ್ಲಿ ಅದೇ ಕಾನ್ಫಿಗ್ ಕೊಟ್ಟು ಒಮ್ಮೆ ಎಬ್ಬಿಸಿ ನೋಡುತ್ತೇನೆ.

ಕೊನೆಗೆ ಉಳಿಸಿಕೊಂಡದ್ದು ಎರಡೇ: ಹ್ಯಾವ್_ಬ್ರೋಕನ್_ಆರ್‌ಟಿಸಿ ಮತ್ತು ನೋ_ಟಿಎಫ್‌ಟಿಪಿ. ಲೀಸ್ ಫೈಲ್ ಎಲ್ಲಿರಬೇಕು, ಎಷ್ಟು ಲೀಸ್ ಕೊಡಬಹುದು ಇವನ್ನೂ ಕಂಪೈಲ್ ಹೊತ್ತಿನಲ್ಲೇ ಕೂರಿಸಬಹುದು. ನಾನು ಕೂರಿಸಲಿಲ್ಲ. ಕಾನ್ಫಿಗ್ ಫೈಲಿನ ಒಂದು ಸಾಲಿನಲ್ಲಿ ಆಗುವ ಕೆಲಸವನ್ನು ಬೈನರಿಯೊಳಗೆ ಬಚ್ಚಿಟ್ಟರೆ ಆರು ತಿಂಗಳ ಮೇಲೆ ನನಗೇ ಸಿಗುವುದಿಲ್ಲ. ಡಿಎನ್ಎಸ್‌ಸೆಕ್ ಕೂಡ ಬೇಡ ಅಂದೆ. ಅದರ ಸಹಿಗಳನ್ನು ಪರೀಕ್ಷಿಸಲು ನಿಜವಾದ ತಾರೀಕು ಬೇಕು. ಬೂಟ್ ಆದಾಗ ನಮ್ಮ ಬೋರ್ಡ್ ಹತ್ತಿರ ಇಲ್ಲದೇ ಇರುವುದು ಅದೇ.

ಬೈನರಿಯಲ್ಲಿ ಏನಿದೆ ಅಂತ ತಿಳಿಯಲು ಡಬಲ್ ಹೈಫನ್ ವರ್ಷನ್ ಕೊಟ್ಟರೆ ಸಾಕು. ಕಂಪೈಲ್ ಆಯ್ಕೆಗಳ ಇಡೀ ಸಾಲು ಬರುತ್ತದೆ. ಇಲ್ಲದ್ದರ ಮುಂದೆ ನೋ ಎಂದಿರುತ್ತದೆ. ನಮ್ಮ ಆಯ್ಕೆ ಸರಿಯಾಗಿ ಸೇರಿದ್ದರೆ ಅಲ್ಲಿ ನೋ-ಆರ್‌ಟಿಸಿ ಕಾಣಬೇಕು. ಶುರುವಾಗುವಾಗ ಲಾಗ್‌ನಲ್ಲೂ ಅದೇ ಸಾಲು ಬೀಳುತ್ತದೆ.

ಈಗ ನಾನು ಮಾಡಿದ ದೊಡ್ಡ ತಪ್ಪು. ಕಾನ್ಫಿಗ್ ಡಾಟ್ ಎಚ್‌ನ ಅದೇ ಕಾಮೆಂಟ್ ಕೊನೆಯಲ್ಲಿ ಎಚ್ಚರಿಕೆ ಇದೆ: ಈ ಆಯ್ಕೆ ಹಾಕುವಾಗ ಅಥವಾ ತೆಗೆಯುವಾಗ ಹಳೆಯ ಲೀಸ್ ಫೈಲ್ ಅಳಿಸಿ, ಇಲ್ಲದಿದ್ದರೆ ಸರ್ವರ್ ಗೊಂದಲಕ್ಕೆ ಬೀಳುತ್ತದೆ. ಓದಿದ್ದೆ. ಬೈನರಿ ಬದಲಿಸುವ ಗಡಿಬಿಡಿಯಲ್ಲಿ ಮರೆತೆ.

ಮೊದಲ ಕೆಲವು ದಿನ ಏನೂ ಗೊತ್ತಾಗಲಿಲ್ಲ. ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಅತಿಥಿಗಳಿಗೆ ವೈಫೈ ಸಿಗುತ್ತಿಲ್ಲ ಅಂತ ದೂರು ಬಂತು. ಲಾಗ್‌ನಲ್ಲಿ ಕೊಡಲು ವಿಳಾಸವೇ ಇಲ್ಲ ಅನ್ನುವ ಸಾಲುಗಳು. ಅತಿಥಿಗಳಿಗೆ ಇಟ್ಟಿದ್ದ 50 ವಿಳಾಸಗಳೂ ತುಂಬಿದ್ದವು. ಅಲ್ಲಿ ಇದ್ದದ್ದು ಹತ್ತು ಜನ.

ಲೀಸ್ ಫೈಲ್ ತೆರೆದ ತಕ್ಷಣ ಕಂಡಿತು. ಹಳೆಯ ಬೈನರಿ ಬರೆದಿಟ್ಟಿದ್ದ 1718ರಿಂದ ಶುರುವಾಗುವ ಅಂಕಿಗಳು ಹಾಗೇ ಇದ್ದವು. ಹೊಸ ಬೈನರಿ ಅದನ್ನು ತಾರೀಕು ಅಂತ ಓದುವುದಿಲ್ಲ. ಲೀಸ್‌ನ ಉದ್ದ ಅಂತ ಓದುತ್ತದೆ. 171 ಕೋಟಿ ಸೆಕೆಂಡ್ ಅಂದರೆ ಸುಮಾರು 54 ವರ್ಷ! ಬಂದು ಚಹಾ ಕುಡಿದು ಹೋದವರ ಫೋನಿಗೂ 54 ವರ್ಷದ ಲೀಸ್. ದಿನಾ ಇರುವ ಯಂತ್ರಗಳಲ್ಲಿ ಈ ತೊಂದರೆ ಕಾಣದೇ ಇದ್ದದ್ದಕ್ಕೂ ಕಾರಣ ಇತ್ತು. ಅವು ನವೀಕರಣ ಕೇಳಿದಾಗ ಹೊಸ ಉದ್ದ ಬರೆದು ತಾನಾಗಿ ಸರಿಯಾಗಿದ್ದವು. ಮತ್ತೆ ಬಾರದವರ ಸಾಲುಗಳು ಮಾತ್ರ ಕೂತುಬಿಟ್ಟವು.

ತಿರುಗಾ ಹೋದರೆ ಅದರ ಉಲ್ಟಾ. ನಾಳೆ ಪ್ಯಾಕೇಜ್ ಅಪ್‌ಡೇಟ್ ಆಗಿ ಮಾಮೂಲಿ ಬೈನರಿ ಓಡಿದರೆ ಅದು 43200 ಅನ್ನು 1970ರ ಮಧ್ಯಾಹ್ನ ಅಂತ ಓದುತ್ತದೆ. ಅಲ್ಲಿಗೆ ಎಲ್ಲ ಲೀಸ್ ಹೋಯಿತು. ಹೀಗಾಗಿ ನನ್ನ ಬೈನರಿಯನ್ನು ಯುಎಸ್ಆರ್ ಲೋಕಲ್ ಕೆಳಗೆ ಬೇರೆಯಾಗಿ ಇಟ್ಟೆ. ಶುರು ಮಾಡುವ ಸ್ಕ್ರಿಪ್ಟ್ ಈಗ ಮೊದಲು ವರ್ಷನ್ ಸಾಲಿನಲ್ಲಿ ನೋ-ಆರ್‌ಟಿಸಿ ಇದೆಯೇ ಅಂತ ನೋಡುತ್ತದೆ. ಇಲ್ಲದಿದ್ದರೆ ಲೀಸ್ ಫೈಲನ್ನು ಪಕ್ಕಕ್ಕೆ ಸರಿಸಿ ನನಗೆ ಹೇಳುತ್ತದೆ.

ಐಪಿವಿ6 ವಿಳಾಸಗಳನ್ನೂ ಡಿಎಚ್‌ಸಿಪಿಯಲ್ಲೇ ಕೊಡುವವರು ಇನ್ನೊಂದು ನೆನಪಿಡಿ. ಸರ್ವರ್ ತನ್ನ ಗುರುತಾದ ಡಿಯುಐಡಿಯನ್ನು ಅದೇ ಲೀಸ್ ಫೈಲಿನಲ್ಲಿ ಇಡುತ್ತದೆ. ಫೈಲ್ ಅಳಿಸಿದರೆ ಹೊಸ ಗುರುತು ಹುಟ್ಟುತ್ತದೆ. ಹಳೆಯ ಗುರುತಿಗೆ ನವೀಕರಣ ಕೇಳುವ ಯಂತ್ರಗಳಿಗೆ ಸ್ವಲ್ಪ ಹೊತ್ತು ಉತ್ತರ ಸಿಗುವುದಿಲ್ಲ. ಆ ಗುರುತಿನಲ್ಲಿ ಸಾಮಾನ್ಯವಾಗಿ ಸಮಯವೂ ಸೇರಿರುತ್ತದೆ. ನಮ್ಮ ಆಯ್ಕೆ ಇದ್ದರೆ ಬರೀ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಮಾಡುತ್ತದೆ.

ನನ್ನ ಸ್ಕ್ರಿಪ್ಟನ್ನೂ ತಿದ್ದಬೇಕಾಯಿತು. ಲೀಸ್ ಮುಗಿಯುವ ಸಮಯವನ್ನು ಅದು ಡಿಎನ್ಎಸ್‌ಮಾಸ್ಕ್_ಲೀಸ್_ಎಕ್ಸ್‌ಪೈರ್ಸ್ ಎಂಬ ವೇರಿಯಬಲ್‌ನಿಂದ ಓದುತ್ತಿತ್ತು. ಹೊಸ ಬೈನರಿ ಅದನ್ನು ಕೊಡುವುದೇ ಇಲ್ಲ. ಬದಲಿಗೆ ಲೀಸ್_ಲೆಂಗ್ತ್ ಅಂತ ಕೊಡುತ್ತದೆ. ಎರಡೂ ಬಗೆಯ ಬೈನರಿಯಲ್ಲಿ ಸಿಗುವುದು ಟೈಮ್_ರಿಮೈನಿಂಗ್. ಇನ್ನೆಷ್ಟು ಸೆಕೆಂಡ್ ಉಳಿದಿದೆ ಅಂತ ಹೇಳುವಂಥದ್ದು. ಈಗ ಅದನ್ನೇ ಬಳಸುತ್ತೇನೆ.

ಈ ಆಯ್ಕೆಗೆ ಒಂದು ಬೆಲೆ ಇದೆ. ಸರ್ವರ್ ಮತ್ತೆ ಶುರುವಾದಾಗ ಪ್ರತಿ ಲೀಸ್‌ಗೂ ಪೂರ್ತಿ ಉದ್ದ ಮತ್ತೆ ಸಿಗುತ್ತದೆ. ಹತ್ತು ನಿಮಿಷ ಉಳಿದಿದ್ದ ಲೀಸ್ ಕೂಡ ಮತ್ತೆ 12 ಗಂಟೆ. ಯಂತ್ರ ತನ್ನ ಲೀಸ್ ಮುಗಿಯಿತು ಅಂದುಕೊಂಡ ಮೇಲೂ ಸರ್ವರ್ ಆ ವಿಳಾಸವನ್ನು ಕಾಯ್ದಿಡುತ್ತದೆ. ಎರಡು ಯಂತ್ರಕ್ಕೆ ಒಂದೇ ವಿಳಾಸ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಪದೇ ಪದೇ ಕರೆಂಟ್ ಹೋದರೆ ಮಾತ್ರ ವಿಳಾಸಗಳು ಜಾಸ್ತಿ ಹೊತ್ತು ಹಿಡಿದಿಟ್ಟಂತೆ ಆಗುತ್ತದೆ. ಅತಿಥಿಗಳ ಲೀಸನ್ನು ಒಂದು ಗಂಟೆಯಲ್ಲೇ ಉಳಿಸಿದ್ದು ಅದಕ್ಕೇ.

ಇಷ್ಟೆಲ್ಲ ಮುಗಿಸಿ, ಲೀಸ್ ಫೈಲ್ ಅಳಿಸಿ, ಒಂದು ದಿನ ಬಿಟ್ಟು ಪರೀಕ್ಷೆ ಮಾಡಿದೆ. ಹೊರಗಿನ ಲೈನ್ ಕಿತ್ತೆ. ಎಲ್ಲದರ ಪವರ್ ತೆಗೆದು ಹಾಕಿದೆ. ಬೋರ್ಡ್ 1970ರಲ್ಲಿ ಎದ್ದಿತು. ಯಂತ್ರಗಳು ಒಂದೊಂದಾಗಿ ವಿಳಾಸ ತೆಗೆದುಕೊಂಡವು. ಹತ್ತು ನಿಮಿಷ ಕಾದು ಲೈನ್ ಹಾಕಿದೆ. ಲಾಗ್‌ನಲ್ಲಿ ತಾರೀಕು ಒಮ್ಮೆಲೇ ಹಾರಿತು. ಪ್ರಿಂಟರ್ ಹೆಸರು ಹೊಡೆದೆ. ಉತ್ತರ ಬಂತು. ಆರು ಗಂಟೆ ಕಾಯಲಿಲ್ಲ, ಊಟ ಮುಗಿಸಿ ಬಂದು ಮತ್ತೊಮ್ಮೆ ಹೊಡೆದೆ. ಆಗಲೂ ಬಂತು.