16 ಅಡಿಯ ದೋಣಿ, ಏಕಾದಶಿಯ ಭರತ

ಕುಂದಾಪುರದ ಹಿನ್ನೀರಿನಲ್ಲಿ ಸಣ್ಣ ಮೋಟಾರು ದೋಣಿ ಇಟ್ಟುಕೊಂಡವರಿಗೆ ಎಂಜಿನ್ನಿಗಿಂತ ಮೊದಲು ಬೇಕಾಗುವುದು ಪಂಚಾಂಗ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಅಳಿವೆಯ ಹತ್ತಿರ ಒಂದಾಗುವ ಈ ಪಂಚಗಂಗಾವಳಿಯಲ್ಲಿ ಕಡಲಿನ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಅದರ ಜತೆಗೆ ಹೋದರೆ ಅರ್ಧ ಕೆಲಸ ನೀರೇ ಮಾಡಿಕೊಡುತ್ತದೆ. ಎದುರು ಹೋದರೆ ಪೆಟ್ರೋಲೂ ಖರ್ಚು, ಸುಖವೂ ಇಲ್ಲ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಮ್ಮ ಕರಾವಳಿಯಲ್ಲಿ ಭರತ, ಅಂದರೆ ನೀರು ಪೂರ್ತಿ ಏರಿ ನಿಲ್ಲುವ ಹೊತ್ತು, ಸುಮಾರಾಗಿ ನಡುಹಗಲಿನ ಹತ್ತಿರ ಬೀಳುತ್ತದೆ. ದಿನ ಕಳೆದಂತೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಷ್ಟಮಿಗೆ ಬರುವಾಗ ಒಂದು ಭರತ ಬೆಳಗಿನ ಜಾವಕ್ಕೆ, ಇನ್ನೊಂದು ಸಂಜೆಗೆ ಬಂದಿರುತ್ತದೆ. ಏಕಾದಶಿ, ದ್ವಾದಶಿಗೆ ಬೆಳಗಿನ ಭರತ ಎಂಟು-ಒಂಬತ್ತು ಗಂಟೆಗೆ ಬಂದು ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ತಿಂಗಳಲ್ಲಿ ದೋಣಿ ಬಿಡಲು ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಬೆಳಕು ಹರಿಯುವಾಗ ಏರುನೀರಿನೊಂದಿಗೆ ಮೇಲಕ್ಕೆ ಹೋಗಿ, ಬಿಸಿಲು ಏರುವ ಮುಂಚೆ ಇಳಿತದೊಂದಿಗೆ ಹಿಂದಕ್ಕೆ ಬರಬಹುದು. ಹುಣ್ಣಿಮೆಯ ಸೆಳೆತವೂ ಇರುವುದಿಲ್ಲ, ಅಷ್ಟಮಿಯ ಹಾಗೆ ನೀರು ಕಡಿಮೆಯೂ ಇರುವುದಿಲ್ಲ.

ಪಂಚಾಂಗದಿಂದ ದಿನ ಗೊತ್ತು ಮಾಡಿಕೊಂಡ ಮೇಲೆ ಗಂಟೆ-ನಿಮಿಷಕ್ಕೆ ಭರತ ಕೋಷ್ಟಕ ನೋಡಲೇಬೇಕು. ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಕೋಷ್ಟಕದಲ್ಲಿ ಮಂಗಳೂರು ಮತ್ತು ಕಾರವಾರದ ಅಂಕಿಗಳಿರುತ್ತವೆ, ಕುಂದಾಪುರ ಅವುಗಳ ನಡುವೆ. ಆದರೆ ಅದು ಕಡಲ ಬದಿಯ ಲೆಕ್ಕ. ಹೊಳೆಯೊಳಗೆ ಹೋದಷ್ಟೂ ಭರತ ತಡ. ಎಷ್ಟು ತಡ ಎಂಬುದು ನಿಮ್ಮ ಕಡವಿಗೆ ಮಾತ್ರ ಸೇರಿದ ಸಂಗತಿ. ಅದಕ್ಕೆ ನಾನು ದೋಣಿ ಕಟ್ಟುವ ಕಂಬಕ್ಕೆ 10 ಸೆಂ.ಮೀ.ಗೆ ಒಂದರಂತೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಎರಡು ವಾರ ದಿನವೂ ಗೆರೆ ನೋಡಿ ಬರೆದಿಟ್ಟುಕೊಂಡರೆ ಕೋಷ್ಟಕಕ್ಕೂ ನಿಮ್ಮ ಕಡವಿಗೂ ಇರುವ ಅಂತರ ತಿಳಿಯುತ್ತದೆ. ದಿನದ ಎರಡು ಭರತಗಳು ಸಮ ಎತ್ತರದವಲ್ಲ ಎಂಬುದೂ ಆಗ ಕಣ್ಣಿಗೆ ಬೀಳುತ್ತದೆ.

ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಅದು 1, 2, 3, 3, 2, 1 ಪಾಲಿನಂತೆ ಏರುತ್ತದೆ. ಅಂದರೆ 1.2 ಮೀಟರ್ ಏರುವ ದಿನ ಮೊದಲ ಗಂಟೆಗೆ 10 ಸೆಂ.ಮೀ., ಎರಡನೆಯದಕ್ಕೆ 20, ಮೂರು-ನಾಲ್ಕನೆಯದಕ್ಕೆ 30ರಂತೆ. ಸೆಳೆತ ಹೆಚ್ಚಿರುವುದೂ ಆ ನಡುವಿನ ಎರಡು ಗಂಟೆಗಳಲ್ಲೇ. ಹೊಳೆಯೊಳಗಿನ ಮರಳದಿಬ್ಬ ದಾಟಲು ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಈ ಲೆಕ್ಕ ಸಾಕು. ಇದಕ್ಕೆ ಅಂಟಿಕೊಂಡೇ ಇನ್ನೊಂದು ನಿಯಮ: ಗೊತ್ತಿಲ್ಲದ ಜಾಗಕ್ಕೆ ಏರುನೀರಿನಲ್ಲಿ ಮಾತ್ರ ಹೋಗಬೇಕು. ಏರುವಾಗ ಮರಳಿಗೆ ತಾಗಿದರೆ ಹತ್ತು ನಿಮಿಷದಲ್ಲಿ ದೋಣಿ ತಾನೇ ತೇಲುತ್ತದೆ. ಇಳಿತದಲ್ಲಿ ತಾಗಿದರೆ ಮುಂದಿನ ಏರುವಿಕೆಯವರೆಗೆ ಅಲ್ಲೇ ಕೂರಬೇಕಾಗುತ್ತದೆ.

ಇನ್ನು ದೋಣಿ. 16 ಅಡಿಯ ಫೈಬರ್, ತಳ ಹೆಚ್ಚುಕಡಿಮೆ ಚಪ್ಪಟೆ, ಎಂಜಿನ್ ಬಿಟ್ಟು 200 ಕೆ.ಜಿ. ಮೂವರು ಕೂತರೂ 20-25 ಸೆಂ.ಮೀ. ಮಾತ್ರ ಮುಳುಗುತ್ತದೆ. ಎಂಜಿನ್ ಕಾಲು ಇಳಿಸಿದರೆ 60 ಸೆಂ.ಮೀ. ನೀರು ಬೇಕು. ಕುದ್ರುಗಳ (ಹೊಳೆಯ ನಡುಗಡ್ಡೆಗಳ) ನಡುವಿನ ಕವಲುಗಳಲ್ಲಿ ತಿರುಗಲು ಇದಕ್ಕಿಂತ ದೊಡ್ಡದು ಹೊರೆಯೇ. ಎಂಜಿನ್ 9.9 ಎಚ್‌ಪಿ, ಎರಡು ಸ್ಟ್ರೋಕಿನ ಪೆಟ್ರೋಲ್ ಔಟ್‌ಬೋರ್ಡ್. ತೂಕ 36 ಕೆ.ಜಿ. ಆಸುಪಾಸು, ಇಬ್ಬರು ಸುಲಭವಾಗಿ ಎತ್ತಬಹುದು. ನಾಡದೋಣಿಯವರ ಸೀಮೆಎಣ್ಣೆ ಎಂಜಿನ್ ಮೀನುಗಾರಿಕೆಗೆ ಸರಿ. ನಿಧಾನವಾಗಿ ತಿರುಗಾಡುವ ದೋಣಿಗೆ ಅದು ಒಗ್ಗುವುದಿಲ್ಲ: ಕಡಿಮೆ ವೇಗದಲ್ಲಿ ಮಸಿ ಹಿಡಿದು ಪ್ಲಗ್ ಕಟ್ಟಿಕೊಳ್ಳುತ್ತದೆ, ಹೊಗೆಯೂ ಜಾಸ್ತಿ. ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ, 2021ರ ಪ್ರಕಾರ ಒಳನಾಡಿನ ನೀರಿನಲ್ಲಿ ಓಡುವ ಯಂತ್ರದ ದೋಣಿಗೆ ನೋಂದಣಿ ಬೇಕು. ದೋಣಿ ಕೊಳ್ಳುವಾಗಲೇ ದೋಣಿಯ ಒಡಲು ಮಾಡಿದವರ ರಸೀದಿ, ಎಂಜಿನ್ ನಂಬರಿನ ಬಿಲ್ಲು ಎರಡನ್ನೂ ಜೋಪಾನ ಮಾಡಿದರೆ ಮುಂದೆ ಓಡಾಟ ತಪ್ಪುತ್ತದೆ.

ಎಂಜಿನ್ ಕೂರಿಸುವ ಎತ್ತರದಲ್ಲಿ ತುಂಬ ಜನ ತಪ್ಪುತ್ತಾರೆ. ಫ್ಯಾನಿನ (ನೀರಿನೊಳಗೆ ತಿರುಗುವ ಪ್ರೊಪೆಲ್ಲರಿನ) ಮೇಲೆ ಚಪ್ಪಟೆ ರೆಕ್ಕೆಯಂಥ ಒಂದು ಪ್ಲೇಟ್ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ, ಹೆಚ್ಚೆಂದರೆ ಒಂದು ಇಂಚು ಕೆಳಗೆ ಬರಬೇಕು. ಮೇಲಿದ್ದರೆ ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದು ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಕೆಳಗಿದ್ದರೆ ನೀರು ಚಿಮ್ಮುತ್ತದೆ, ವೇಗವೂ ಸಾಯುತ್ತದೆ. ಹಿಂಬದಿಯ ಹಲಗೆ 15 ಇಂಚಿದ್ದರೆ ಶಾರ್ಟ್ ಶಾಫ್ಟ್, 20 ಇಂಚಿದ್ದರೆ ಲಾಂಗ್ ಶಾಫ್ಟ್. ತೂಕವೂ ಹಾಗೆಯೇ: ಎಂಜಿನ್, ಅದನ್ನು ನಡೆಸುವವನು, ಪೆಟ್ರೋಲ್ ಟ್ಯಾಂಕ್ ಮೂರೂ ಹಿಂದೆಯೇ ಕೂತರೆ ದೋಣಿ ಮೂತಿ ಎತ್ತುತ್ತದೆ, ಎದುರಿನ ಬಲೆಯ ಗೂಟ ಕಾಣುವುದಿಲ್ಲ. ಮೂರು ಮೀಟರ್ ಪೈಪ್ ಹಾಕಿಸಿ ಟ್ಯಾಂಕನ್ನು ನಡುವಿಗೆ ತಂದರೆ ದೋಣಿ ಸಮಸಮ ಕೂರುತ್ತದೆ.

ಪೆಟ್ರೋಲಿಗೆ ಬೆರೆಸುವ ಆಯಿಲ್ ಲೀಟರಿಗೆ 20 ಮಿ.ಲೀ., ಅಂದರೆ 50:1. ಹೊಸ ಎಂಜಿನ್ನಿಗೆ ಮೊದಲ ಹತ್ತು ಗಂಟೆ 40 ಮಿ.ಲೀ. ನೀರಿನ ಎಂಜಿನ್ನಿಗೆಂದೇ ಮಾಡಿದ, ಟಿಸಿ-ಡಬ್ಲ್ಯು3 ಎಂದು ನಮೂದಿಸಿದ ಆಯಿಲ್ಲೇ ಹಾಕಬೇಕು, ಬೈಕಿನದ್ದಲ್ಲ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಕರಾವಳಿಯ ಹಸಿಗಾಳಿಯಿಂದ ನೀರು ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಎಂಜಿನ್ ಎಳೆಯುವುದು ತಳದಿಂದಲೇ. ಅದಕ್ಕೆ ನಾನು ಎರಡು ವಾರಕ್ಕೆ ಆಗುವಷ್ಟೇ ಮಿಶ್ರಣ ಮಾಡುತ್ತೇನೆ, ಪೈಪಿನ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿದ್ದೇನೆ. ಹಳೆಯ ರಬ್ಬರ್ ಪೈಪ್ ಒಳಗಿನಿಂದ ಮೆತ್ತಗಾಗಿ ಸಿಪ್ಪೆ ಬಿಡುತ್ತದೆ, ಆ ಸಿಪ್ಪೆ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಎಂಜಿನ್ ಜೋರಿನಲ್ಲಿ ಓಡಿ, ನಿಧಾನಕ್ಕೆ ತಂದಾಗ ಆರಿಹೋಗುತ್ತಿದ್ದರೆ ಮೊದಲು ಅಲ್ಲಿ ನೋಡಬೇಕು.

ಸ್ಟಾರ್ಟ್ ಮಾಡುವಾಗ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸಿ, ಪೆಟ್ರೋಲ್ ಪೈಪಿನ ರಬ್ಬರ್ ಉಂಡೆ ಗಟ್ಟಿಯಾಗುವವರೆಗೆ ಅದುಮಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕಳಚಿದರೆ ಎಂಜಿನ್ ಆರಿಸುವ ಸುರುಳಿ ಹಗ್ಗವನ್ನು ಕೈಗೆ ಕಟ್ಟಿಕೊಂಡು, ಚೋಕ್ ಎಳೆದು ಸ್ಟಾರ್ಟಿನ ಹಗ್ಗ ಎಳೆಯಬೇಕು. ಗಾಳಿ ಸ್ಕ್ರೂ ಮರೆತರೆ ಹತ್ತು ನಿಮಿಷ ಚೆನ್ನಾಗಿ ಓಡಿ ಹೊಳೆಯ ನಡುವೆ ನಿಲ್ಲುತ್ತದೆ; ಟ್ಯಾಂಕ್ ಒಳಕ್ಕೆ ಸೊಟ್ಟಗಾಗಿರುವುದೇ ಅದರ ಗುರುತು. ಕೈಗೆ ಕಟ್ಟುವ ಹಗ್ಗವನ್ನು ಒಬ್ಬರೇ ಇದ್ದಾಗಲಂತೂ ಬಿಡಲೇಬಾರದು. ಆಯತಪ್ಪಿ ನೀರಿಗೆ ಬಿದ್ದವನ ಸುತ್ತ ದೋಣಿ ತಾನೇ ಗಿರಕಿ ಹೊಡೆಯುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ. ಎಂಜಿನ್ ಹತ್ತಿದ ಕೂಡಲೇ ಕಣ್ಣು ಹಿಂದಿನ ಸಣ್ಣ ತೂತಿನ ಕಡೆಗೆ: ಅಲ್ಲಿಂದ ಎಂಜಿನ್ ತಂಪು ಮಾಡಿದ ನೀರಿನ ಎಳೆ ಬರಬೇಕು. ಬರದಿದ್ದರೆ ತಕ್ಷಣ ನಿಲ್ಲಿಸಿ. ಹೆಚ್ಚಿನ ಸಲ ತೂತಿನ ಬಾಯಲ್ಲಿ ಮರಳು ಇರುತ್ತದೆ, ದಪ್ಪ ಗಾಳದ ದಾರ ತೂರಿಸಿದರೆ ಬಿಡುತ್ತದೆ. ಪ್ಲಾಸ್ಟಿಕ್ ಚೀಲ ನೀರೆಳೆಯುವ ಜಾಲರಿಗೆ ಅಂಟಿಕೊಂಡಿರಬಹುದು. ಎರಡೂ ಅಲ್ಲವಾದರೆ ಒಳಗೆ ನೀರೆತ್ತುವ ರಬ್ಬರ್ ಇಂಪೆಲ್ಲರ್ ಹೋಗಿದೆ ಎಂದರ್ಥ. ನಮ್ಮ ಮರಳುನೀರಿನಲ್ಲಿ ಅದನ್ನು ವರ್ಷಕ್ಕೊಮ್ಮೆ ಬದಲಿಸುವುದೇ ಒಳ್ಳೆಯದು, ಕೆಡುವ ತನಕ ಕಾಯಬಾರದು.

ವೇಗದ ಮಾತು. 16 ಅಡಿಯ ದೋಣಿ ನೀರನ್ನು ಸರಿಸಿಕೊಂಡು ಹೋಗುವ ಹಿತವಾದ ವೇಗ ಗಂಟೆಗೆ 7-8 ಕಿ.ಮೀ. ಆಗ ನನ್ನ ಎಂಜಿನ್ ಗಂಟೆಗೆ ಸುಮಾರು ಒಂದೂವರೆ ಲೀಟರ್ ಕುಡಿಯುತ್ತದೆ. ಪೂರ್ತಿ ತಿರುಗಿಸಿದರೆ ಐದು ಲೀಟರ್. ಇಬ್ಬರೇ ಇದ್ದರೆ ದೋಣಿ ನೀರಿನ ಮೇಲೆ ಜಾರುತ್ತದೆ. ಎಲ್ಲಕ್ಕಿಂತ ದಂಡ ನಡುವಿನ 12-15 ಕಿ.ಮೀ. ವೇಗ. ಮೂತಿ ಮೇಲೆ, ಬಾಲ ಕೆಳಗೆ, ಹಿಂದೆ ಗುಡ್ಡದಂಥ ಅಲೆ. ಎಣ್ಣೆಯೂ ದಂಡ, ಆ ಅಲೆ ಹೋಗಿ ಕುದ್ರುವಿನ ದರೆಯನ್ನೂ ಕೊರೆಯುತ್ತದೆ. ನಿಧಾನದಲ್ಲಿ ಎಂಜಿನ್ನಿನ ಸದ್ದಿನ ನಡುವೆಯೂ ಮಾತಾಡಬಹುದು, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಮೇಲೆ ಕೂತ ಮಿಂಚುಳ್ಳಿ ಹಾರಿಹೋಗುವುದಿಲ್ಲ.

ನಾನು ಹೆಚ್ಚು ಹೋಗುವ ದಾರಿ ಗಂಗೊಳ್ಳಿ ಬದಿಯಿಂದ ಸೌಪರ್ಣಿಕಾದಲ್ಲಿ ಮರವಂತೆಯ ಕಡೆಗೆ. ಭರತಕ್ಕೆ ಎರಡೂವರೆ ಗಂಟೆ ಮುಂಚೆ ಹೊರಡುವುದು. ಏರುನೀರು ಗಂಟೆಗೆ ಎರಡು ಕಿ.ಮೀ.ನಷ್ಟು ತಳ್ಳಿಕೊಡುವುದರಿಂದ ಒಂದೂಕಾಲು ಗಂಟೆಯಲ್ಲಿ ಹೆದ್ದಾರಿಯ ಪಕ್ಕದ ಆ ಉದ್ದನೆಯ ನೇರ ಹೊಳೆಗೆ ಬರುತ್ತೇವೆ. ಪಶ್ಚಿಮಕ್ಕೆ ರಸ್ತೆ, ರಸ್ತೆಯಾಚೆಗೆ ಕಡಲು. ಪೂರ್ವಕ್ಕೆ ತೆಂಗು, ಅದರ ಹಿಂದೆ ಕೊಡಚಾದ್ರಿಯ ಸಾಲು. ಅಲ್ಲಿ ಎಂಜಿನ್ ನಿಲ್ಲಿಸಿ, ಕಾಲು ಎತ್ತಿ, ದೋಣಿಯನ್ನು ನೀರಿಗೆ ಬಿಟ್ಟುಬಿಡುತ್ತೇನೆ. ಭರತ ನಿಲ್ಲುವ ಹೊತ್ತಿಗೆ ದೋಣಿಯ ಓಟ ತಾನಾಗಿ ಸಣ್ಣದಾಗುತ್ತ ಬಂದು, ಒಂದು ಕಾಲು ಗಂಟೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಂತುಬಿಡುತ್ತದೆ. ಫ್ಲಾಸ್ಕಿನ ಚಹಾ, ಡಬ್ಬಿಯ ಅವಲಕ್ಕಿ ಬಿಚ್ಚಬೇಕಾದ್ದು ಆಗಲೇ. ಆಮೇಲೆ ತೇಲುತ್ತಿರುವ ಒಣ ಎಲೆಯೊಂದು ಮೆಲ್ಲಗೆ ತೆಂಕಕ್ಕೆ ತಿರುಗಿದ್ದು ಕಂಡರೆ ಇಳಿತ ಶುರು. ಹೋಗಿಬರಲು ನಾಲ್ಕು ಲೀಟರ್ ಸಾಕು, ನಾನು 12 ಒಯ್ಯುತ್ತೇನೆ. ಮೂರರಲ್ಲೊಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು ಎಂಬ ನಿಯಮಕ್ಕಿಂತಲೂ ಇದು ಹೆಚ್ಚೇ.

ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ನಂತರ ಕಡಲಗಾಳಿ ಎದ್ದು ನಡುಹೊಳೆಯಲ್ಲಿ ಕುಪ್ಪಳಿಸುವ ಅಲೆ ಮಾಡುತ್ತದೆ. ಅದಕ್ಕೆ ಮೊದಲೇ ಹಿಂದೆ ಬಂದಿರುತ್ತೇವೆ. ಸಂಜೆಯ ತಿರುಗಾಟಕ್ಕೆ ಉಪ್ಪಿನಕುದ್ರು, ಬಬ್ಬುಕುದ್ರುಗಳ ಸುತ್ತ ಸಾಕು, ಅಲ್ಲಿ ಗಾಳಿಗೂ ಮರೆ ಸಿಗುತ್ತದೆ. ಅಳಿವೆಯ ಬ್ರೇಕ್‌ವಾಟರ್ ದಾಟಿ ಕಡಲಿಗೆ ಮಾತ್ರ ಈ ದೋಣಿ ಹೋಗಬಾರದು. ಹೊರಗಿನಿಂದ ಬರುವ ದೊಡ್ಡ ಅಲೆಗೆ ಇಳಿತದ ನೀರು ಎದುರಾದಾಗ ಅಳಿವೆಯ ಮರಳದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಮಗುಚುತ್ತದೆ, ಹಿಂದೆ ಬರುವಾಗ ಕಡಲಿನ ಕಡೆಯಿಂದ ನೋಡಿದರೆ ಅದರ ಬೆನ್ನು ಮಾತ್ರ ಕಾಣುವುದರಿಂದ ಎತ್ತರ ತಿಳಿಯುವುದೇ ಇಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಎತ್ತರದ ಅಲೆಯ ಎಚ್ಚರಿಕೆ ಕೊಟ್ಟ ದಿನ ಹೊಳೆಬಾಯಿಯ ಹತ್ತಿರಕ್ಕೂ ಹೋಗುವುದಿಲ್ಲ.

ಹೊಳೆ ಮೊದಲು ಅದರಿಂದ ಅನ್ನ ತಿನ್ನುವವರದ್ದು. ಚಿಪ್ಪುಮೀನು ಹೆಕ್ಕುವವರ ಕಿರುದೋಣಿ, ಬೀಸುಬಲೆಯವರು, ಮೀನಿನ ಪಂಜರಗಳು ಕಂಡರೆ 30 ಮೀಟರ್ ಮುಂಚೆಯೇ ವೇಗ ಪೂರ್ತಿ ಇಳಿಸಬೇಕು. ಹತ್ತಿರ ಬಂದ ಮೇಲೆ ಇಳಿಸಿದರೆ ಹಿಂದಿನ ಅಲೆ ಓಡಿಬಂದು ಅವರ ದೋಣಿಗೇ ಬಡಿಯುತ್ತದೆ. ತೇಲುವ ಥರ್ಮೋಕೋಲ್ ತುಂಡು, ಖಾಲಿ ಬಾಟಲಿಗಳ ಸಾಲು ಎಂದರೆ ಕೆಳಗೆ ಬಲೆಯಿದೆ. ಸಾಲಿನ ತುದಿ ಸುತ್ತಿ ಹೋಗಬೇಕು. ಮಳೆಗಾಲ ಕಳೆದ ಮೇಲೆ ಮರಳದಿಬ್ಬಗಳೆಲ್ಲ ಜಾಗ ಬದಲಿಸಿರುತ್ತವೆ, ಹೋದ ವರ್ಷದ ಗುರುತು ಕೆಲಸಕ್ಕೆ ಬಾರದು. “ಆಳ ಯಾವ್ ಬದಿ ಇತ್ತ್ ಅಣ್ಣಾ?” ಎಂದು ಕೇಳಿದರೆ ಕೈ ತೋರಿಸದೆ ಹೋದವರನ್ನು ನಾನು ಕಂಡಿಲ್ಲ. ಫ್ಯಾನಿಗೆ ಬಲೆ ಸುತ್ತಿದರೆ ರಿವರ್ಸ್ ಹಾಕಿ ಬಿಡಿಸಲು ಹೋಗಬೇಡಿ, ಇನ್ನಷ್ಟು ಬಿಗಿಯುತ್ತದೆ. ಎಂಜಿನ್ ಆರಿಸಿ, ಎತ್ತಿ, ಸುತ್ತಿದ ದಿಕ್ಕಿಗೆ ವಿರುದ್ಧ ಕೈಯಲ್ಲಿ ತಿರುಗಿಸಿ ಬಿಡಿಸಬೇಕು. ಕೊಯ್ಯಲೇಬೇಕಾದರೆ ಬಲೆಯವನನ್ನು ಹುಡುಕಿ ಹೇಳಿ, ಹಣ ಕೊಡಬೇಕು.

ಲಂಗರು 4 ಕೆ.ಜಿ., ಅದಕ್ಕೆ ಎರಡು ಮೀಟರ್ ಸರಪಳಿ, ಆಮೇಲೆ 10 ಮಿ.ಮೀ. ನೈಲಾನ್ ಹಗ್ಗ 30 ಮೀಟರ್. ಎರಡು ಮೀಟರ್ ಆಳದಲ್ಲಿ ಕನಿಷ್ಠ ಹತ್ತು ಮೀಟರ್ ಹಗ್ಗ ಬಿಡಬೇಕು, ನೆಟ್ಟಗೆ ಇಳಿಬಿಟ್ಟರೆ ಲಂಗರು ಮಲಗಿ ಕಚ್ಚುವುದಿಲ್ಲ. ಕಟ್ಟುವುದು ಮೂತಿಯಿಂದ ಮಾತ್ರ; ಹಿಂಬದಿಯಿಂದ ಕಟ್ಟಿದರೆ ಸೆಳೆತ ತಗ್ಗಾದ ಹಿಂಬದಿಯ ಹಲಗೆಯ ಮೇಲಿಂದ ನೀರು ತುಂಬಿಸುತ್ತದೆ. ಒಂದು ಜೊತೆ ಹುಟ್ಟು, ಒಂದು ಬಿದಿರು ಗಳ, ನೀರು ಮೊಗೆಯಲು ಅರ್ಧ ಕೊಯ್ದ ಕ್ಯಾನ್, ಸೀಟಿ, ಟಾರ್ಚ್, ಪ್ಲಗ್ ಸ್ಪ್ಯಾನರ್, ಒಂದು ಮಿ.ಮೀ. ಗ್ಯಾಪ್ ಇಟ್ಟ ಎರಡು ಹೊಸ ಪ್ಲಗ್ ಇಷ್ಟು ಯಾವತ್ತೂ ದೋಣಿಯಲ್ಲೇ. ಲೈಫ್ ಜಾಕೆಟ್ ಕೂರುವ ಮಣೆಯ ಕೆಳಗಲ್ಲ, ಮೈಮೇಲೆ. ಮಕ್ಕಳದ್ದು ಅವರ ಅಳತೆಯದ್ದೇ ಇರಬೇಕು, ದೊಡ್ಡದಾದರೆ ನೀರಿನಲ್ಲಿ ತಲೆಯಿಂದ ಕಳಚಿಕೊಳ್ಳುತ್ತದೆ.

ಹಿಂದೆ ಬಂದ ಮೇಲಿನ ಅರ್ಧ ಗಂಟೆಯೇ ಎಂಜಿನ್ನಿನ ಆಯುಷ್ಯ. ಡ್ರಮ್ಮಿನಲ್ಲಿ ಬಾವಿನೀರು ತುಂಬಿ, ಎಂಜಿನ್ ಕಾಲು ಇಳಿಸಿ, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಓಡಿಸಿ ಒಳಗಿನ ಉಪ್ಪು ತೊಳೆಯಬೇಕು. ಕೊನೆಗೆ ಪೆಟ್ರೋಲ್ ಪೈಪ್ ಕಳಚಿ ತಾನಾಗಿ ಆರುವವರೆಗೆ ಬಿಟ್ಟರೆ ಕಾರ್ಬುರೇಟರೂ ಖಾಲಿ. ಎಂಜಿನ್ ಕಾಲಿಗೆ ಕೂರಿಸಿರುವ ಸತುವಿನ ತುಂಡು ಅರ್ಧ ಸವೆದಾಗ ಬದಲಿಸಿ, ಅದಕ್ಕೆ ಬಣ್ಣ ಬಳಿಯಬೇಡಿ. ಅದು ಸವೆಯುವುದರಿಂದಲೇ ಎಂಜಿನ್ನಿನ ಅಲ್ಯೂಮಿನಿಯಂ ಉಳಿಯುತ್ತದೆ. ನೂರು ಗಂಟೆಗೊಮ್ಮೆ ಗೇರ್ ಆಯಿಲ್. ಕೆಳಗಿನ ಸ್ಕ್ರೂನಿಂದ ಒತ್ತಿ ತುಂಬಿ, ಮೇಲಿನ ತೂತಿನಿಂದ ಹೊರಬಂದಾಗ ಮೇಲಿನದನ್ನು ಮೊದಲು ಮುಚ್ಚಬೇಕು. ಹಳೆಯ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಿಂದ ನೀರು ಒಳಗೆ ಹೋಗಿದೆ. ಹೆಚ್ಚಿನ ಸಲ ಫ್ಯಾನಿನ ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರವೇ ಸೀಲನ್ನು ಕೊಯ್ದಿರುತ್ತದೆ.

ದೋಣಿಯನ್ನು ನೀರಿನಲ್ಲೇ ಬಿಟ್ಟರೆ ಎರಡು-ಮೂರು ವಾರದಲ್ಲಿ ತಳಕ್ಕೆ ಚಿಪ್ಪು ಕಚ್ಚಿ ಓಟ ಕುಂದುತ್ತದೆ. ನಾಲ್ಕು ಇಂಚಿನ ಪಿವಿಸಿ ಪೈಪಿನ ಮೂರು ತುಂಡುಗಳನ್ನು ಉರುಳೆಯ ಹಾಗೆ ಅಡಿಗೆ ಕೊಟ್ಟರೆ ನಾಲ್ಕು ಜನ ಸೇರಿ ದರೆಗೆ ಎಳೆಯಬಹುದು. ಎಳೆದ ಕೂಡಲೇ ತಳದ ಬೂಚು ತೆಗೆದು, ದೋಣಿಯ ಮೂತಿಗೆ ಒಂದು ತೆಂಗಿನ ಕೊರಡು ಕೊಟ್ಟು ಎತ್ತರಿಸಿ, ತೆಗೆದ ಬೂಚನ್ನು ಕೈಗೆ ಕಟ್ಟುವ ಆ ಸುರುಳಿ ಹಗ್ಗಕ್ಕೇ ಸಿಕ್ಕಿಸಿಡುತ್ತೇನೆ. ಮುಂದಿನ ಏಕಾದಶಿಗೆ ಎಂಜಿನ್ ಶುರು ಮಾಡಬೇಕೆಂದರೆ ಮೊದಲು ಬೂಚು ಕೈಗೆ ಬರಬೇಕು.